ಶನಿವಾರ ಸಂಜೆ ಪಾವಗಡದಲ್ಲಿ ಒಂದು ಟೆಲಿಸ್ಕೋಪ್ ಇಡಿ

ನಮಸ್ಕಾರ. ಪಾವಗಡದ ಶನಿಮಹಾತ್ಮನ ಗುಡಿ ಮುಂದೆ ಶನಿವಾರ ಸಾಲು ಎಷ್ಟುದ್ದ ಇರುತ್ತೆ ಅಂತ ತುಮಕೂರು ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಆಂಧ್ರದ ಕಡೆಯಿಂದಲೂ ಜನ ಬರ್ತಾರೆ. ಎಳ್ಳೆಣ್ಣೆ ದೀಪ ಹಚ್ತಾರೆ, ಸಾಡೇಸಾತಿ ಸುಸೂತ್ರವಾಗಿ ಕಳೀಲಿ ಅಂತ ಕೈಮುಗೀತಾರೆ, ಕತ್ತಲಾಗೋ ಹೊತ್ತಿಗೆ ಬಸ್ಸು ಹತ್ತೋಕೆ ಬರ್ತಾರೆ. ವರ್ಷದಲ್ಲಿ ನಾಲ್ಕೈದು ತಿಂಗಳು ಅದೇ ಸಂಜೆ, ಅದೇ ಬಸ್ ಸ್ಟ್ಯಾಂಡಿನ ಮೇಲೆ, ಶನಿ ಗ್ರಹ ಬರಿಗಣ್ಣಿಗೆ ಕಾಣೋ ಹಾಗೆ ನಿಂತಿರುತ್ತೆ. ತಿಳಿ ಹಳದಿ ಚುಕ್ಕಿ, ನಕ್ಷತ್ರದ ಹಾಗೆ ಮಿಣುಕಲ್ಲ. ಯಾರೂ ತಲೆ ಎತ್ತಿ ನೋಡಲ್ಲ, ಯಾಕಂದ್ರೆ ಯಾರೂ ತೋರಿಸಿಲ್ಲ.

ಈ ಸಂಚಿಕೆಯಲ್ಲಿ ನಾವು ಹೇಳೋದು ಇಷ್ಟು. ಗುರು, ಶನಿಯನ್ನ ನೋಡೋಕೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಂಥ ಜಾಗ ಪ್ರಪಂಚದಲ್ಲಿ ಕಡಿಮೆ. ಅದನ್ನ ನಾವು ಬಳಸ್ತಾನೇ ಇಲ್ಲ. ಪಾವಗಡದ ಗುಡಿ ಹತ್ತಿರ ಒಂದು, ಒಂದೊಂದು ತಾಲ್ಲೂಕಿನ ಹೈಸ್ಕೂಲ್ ಮೈದಾನದಲ್ಲಿ ಒಂದೊಂದು 6 ಇಂಚಿನ ಟೆಲಿಸ್ಕೋಪ್ ಇರಬೇಕು. ಜಾತ್ರೆ ಥರ ವರ್ಷಕ್ಕೊಂದು ದಿನ ಇಟ್ಟು ಮುಚ್ಚಿಡೋದಲ್ಲ, ವಾರ ವಾರ ಹೊರಗೆ ಬರಬೇಕು.

ಜಾಗ ಯಾಕೆ ಒಳ್ಳೇದು? ನಾವಿರೋದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಗ್ರಹಗಳು ಓಡಾಡೋ ದಾರಿ, ಅಂದ್ರೆ ಹನ್ನೆರಡು ರಾಶಿಗಳ ದಾರಿ, ನಮಗೆ ನೆತ್ತಿ ಹತ್ತಿರ ಹಾದುಹೋಗುತ್ತೆ. ಗುರು ಮಿಥುನದಲ್ಲಿದ್ದಾಗ ಮಧ್ಯರೇಖೆ (ಉತ್ತರದಿಂದ ದಕ್ಷಿಣಕ್ಕೆ ನೆತ್ತಿ ಮೇಲೆ ಹಾಯೋ ಗೆರೆ) ದಾಟೋ ಹೊತ್ತಿಗೆ ನಮಗೆ 80 ಡಿಗ್ರಿ ಎತ್ತರದಲ್ಲಿರುತ್ತೆ. ಆಕಾಶದಲ್ಲಿ ತೀರಾ ದಕ್ಷಿಣಕ್ಕಿರೋ ಧನು ರಾಶಿಗೆ ಹೋದರೂ 54 ಡಿಗ್ರಿ ಸಿಗುತ್ತೆ. ಆಗ ಲಂಡನ್ನಿನವರಿಗೆ 15 ಡಿಗ್ರಿ, ಎದುರುಮನೆ ಮಾಡಿನ ಮಟ್ಟ. ಎತ್ತರ ಯಾಕೆ ಮುಖ್ಯ ಅಂದ್ರೆ, ಗ್ರಹ ಕೆಳಗಿದ್ದಷ್ಟೂ ಅದರ ಬೆಳಕು ಹೆಚ್ಚು ಗಾಳಿ ತೂರಿಕೊಂಡು ಬರಬೇಕು. ಆ ಗಾಳಿ ಕದಲುತ್ತೆ, ಗ್ರಹದ ಅಂಚು ಕುದಿಯೋ ನೀರಿನ ತಳದಲ್ಲಿರೋ ನಾಣ್ಯದ ಹಾಗೆ ನಡುಗುತ್ತೆ. 30 ಡಿಗ್ರಿಗಿಂತ ಕೆಳಗಿರೋ ಗ್ರಹವನ್ನ ನೋಡೋಕೆ ಹೋಗಬೇಡಿ, ಮೇಲೆ ಬರೋವರೆಗೆ ಕಾಯಿರಿ.

ಇನ್ನೊಂದು ತಪ್ಪು ಕಲ್ಪನೆ ಇದೆ. ಗ್ರಹ ನೋಡೋಕೆ ಕಗ್ಗತ್ತಲು ಬೇಕು, ನಂದಿಬೆಟ್ಟಕ್ಕೋ ದೇವರಾಯನದುರ್ಗಕ್ಕೋ ಹೋಗಬೇಕು ಅಂತ. ಬೇಕಿಲ್ಲ. ಮಸುಕಾದ ನೆಬ್ಯುಲಾಕ್ಕೆ (ಅನಿಲ, ಧೂಳಿನ ಮೋಡ) ಕತ್ತಲು ಬೇಕು, ಗುರು ಶನಿಗಲ್ಲ. ತುಮಕೂರಿನ ಬಿ.ಎಚ್. ರಸ್ತೆ ದೀಪದ ಪಕ್ಕದಲ್ಲೇ ನಿಂತರೂ ಶನಿಯ ಉಂಗುರ ಕಾಣುತ್ತೆ. ಗ್ರಹಕ್ಕೆ ಬೇಕಾದ್ದು ಕದಲದ ಗಾಳಿ. ಅದಕ್ಕೇ ಮನೆ ತಾರಸಿ ಒಳ್ಳೆ ಜಾಗ ಅಲ್ಲ. ಹಗಲೆಲ್ಲ ಬಿಸಿಲು ಕುಡಿದ ಆರ್‌ಸಿಸಿ ರಾತ್ರಿ ಬಹಳ ಹೊತ್ತಿನವರೆಗೆ ಶಾಖ ಬಿಡ್ತಾನೇ ಇರುತ್ತೆ, ಆ ಬಿಸಿಗಾಳಿ ಟೆಲಿಸ್ಕೋಪಿನ ಬಾಯಿ ಮುಂದೆಯೇ ಏಳುತ್ತೆ. ಹುಲ್ಲಿರೋ ಮೈದಾನ, ರಾಗಿ ಹೊಲದ ಬದು, ತೋಟದ ಅಂಚು, ಇವೆಲ್ಲ ತಾರಸಿಗಿಂತ ಎಷ್ಟೋ ವಾಸಿ. ತಾರಸಿ ಬಿಟ್ಟು ಬೇರೆ ದಾರಿ ಇಲ್ಲ ಅಂದ್ರೆ ರಾತ್ರಿ ಹನ್ನೊಂದರ ಮೇಲೆ ನೋಡಿ.

ಯಾವ ಟೆಲಿಸ್ಕೋಪ್? ಪೆಟ್ಟಿಗೆ ಮೇಲೆ "525 ಪಟ್ಟು" ಅಂತ ದಪ್ಪ ಅಕ್ಷರದಲ್ಲಿ ಬರೆದಿರೋದನ್ನ ಮಾತ್ರ ತಗೋಬೇಡಿ. ಕನ್ನಡಿ ಎಷ್ಟು ಮಿಲಿಮೀಟರ್ ಅಗಲ ಇದೆಯೋ ಅದರ ಎರಡರಷ್ಟು ಪಟ್ಟಿನ ಮೇಲೆ ಹೋದರೆ ಚಿತ್ರ ದೊಡ್ಡದಾಗುತ್ತೆ ಅಷ್ಟೇ, ಹೊಸ ವಿವರ ಏನೂ ಬರಲ್ಲ, ಕೆಸರಾಗುತ್ತೆ. 76 ಮಿ.ಮೀ. ಕನ್ನಡಿಗೆ 150 ಪಟ್ಟೇ ಗಡಿ. ಜೊತೆಗೆ ಅದರ ತೆಳ್ಳನೆ ಟ್ರೈಪಾಡ್ ಕೈ ತಾಕಿದರೆ ನಾಲ್ಕು ಸೆಕೆಂಡ್ ಅಲ್ಲಾಡುತ್ತೆ. ಶಾಲೆಗೆ ನಾವು ಹೇಳೋದು 6 ಇಂಚಿನ ಡಾಬ್ಸೋನಿಯನ್. ಅಂದ್ರೆ 150 ಮಿ.ಮೀ. ಕನ್ನಡಿ, 1200 ಮಿ.ಮೀ. ನಾಭಿದೂರ, ನೆಲದ ಮೇಲೆ ಕೂರೋ ಮರದ ಪೆಟ್ಟಿಗೆ. ಮೋಟಾರ್ ಇಲ್ಲ, ಹಾಗಾಗಿ ಕೆಡೋದೂ ಕಡಿಮೆ. 25 ಮಿ.ಮೀ. ಐಪೀಸ್, ಅಂದ್ರೆ ಕಣ್ಣಿಡೋ ಮಸೂರ, ಹಾಕಿದರೆ 48 ಪಟ್ಟು, 10 ಮಿ.ಮೀ. ಹಾಕಿದರೆ 120 ಪಟ್ಟು. ಈ ಎರಡರಲ್ಲಿ ಮುಕ್ಕಾಲು ಕೆಲಸ ಆಗುತ್ತೆ.

ಬಳಸೋವಾಗ ಎಡವೋದು ಸಾಮಾನ್ಯವಾಗಿ ಇಲ್ಲಿ. ಮೊದಲನೇದು, ಬಿಸಿ ಕೋಣೆಯಿಂದ ತಂದು ತಕ್ಷಣ ನೋಡೋದು. ಕನ್ನಡಿ ಹೊರಗಿನ ಗಾಳಿಯಷ್ಟು ತಣ್ಣಗಾಗೋಕೆ 45 ನಿಮಿಷ ಬೇಕು, ಅಲ್ಲಿವರೆಗೆ ಕೊಳವೆ ಒಳಗೇ ಬಿಸಿಗಾಳಿ ಸುತ್ತುತ್ತೆ. ಎರಡನೇದು, ಜೀಪಿನಲ್ಲಿ ಕುಲುಕಿಸಿ ತಂದಮೇಲೆ ಎರಡು ಕನ್ನಡಿಗಳ ಜೋಡಣೆ ತಪ್ಪಿರೋದು. ನಕ್ಷತ್ರವೊಂದನ್ನ ಸ್ವಲ್ಪ ಫೋಕಸ್ ತಪ್ಪಿಸಿ ನೋಡಿ. ಬಳೆ ಒಳಗೆ ಬಳೆ ಇದ್ದ ಹಾಗೆ ಒಂದೇ ಕೇಂದ್ರದ ಸುತ್ತ ವೃತ್ತಗಳು ಕಂಡರೆ ಸರಿ ಇದೆ. ಒಂದು ಕಡೆಗೆ ವಾಲಿದ್ರೆ ಹಿಂದಿನ ಮೂರು ಸ್ಕ್ರೂಗಳನ್ನ ಕಾಲು ಸುತ್ತು, ಕಾಲು ಸುತ್ತು ತಿರುಗಿಸಿ ಸರಿಮಾಡಬೇಕು. ಮೂರನೇದು, ಇಬ್ಬನಿ ಕೂತಾಗ ಪಂಚೆ ತುದಿಯಿಂದ ಕನ್ನಡಿ ಒರೆಸೋದು. ದಯವಿಟ್ಟು ಬೇಡ. ಕನ್ನಡಿ ಮೇಲಿರೋದು ಕೂದಲಿಗಿಂತ ಎಷ್ಟೋ ತೆಳ್ಳಗಿನ ಅಲ್ಯೂಮಿನಿಯಂ ಲೇಪ, ಒಂದೇ ಒರೆಸಿಗೆ ಗೀರು ಬೀಳುತ್ತೆ. ಹಾಗೇ ಆರೋಕೆ ಬಿಡಿ. ಗ್ರಹ ನೆಟ್ಟಗೆ ನೆತ್ತಿ ಮೇಲಿದ್ದಾಗ ಡಾಬ್ಸೋನಿಯನ್ ತಿರುಗಿಸೋಕೆ ತಡಕಾಡ್ಬೇಕಾಗುತ್ತೆ. ನಮ್ಮ ಅಕ್ಷಾಂಶದಲ್ಲಿ ಈ ಕಷ್ಟ ನಿಜವಾಗಿಯೂ ಬರುತ್ತೆ, ಒಂದು ಗಂಟೆ ಮೊದಲೋ ಆಮೇಲೋ ನೋಡಿದರೆ ಆಯ್ತು. ಹಗಲಲ್ಲಿ ಮಾತ್ರ ಅದರ ಬಾಯಿ ಮುಚ್ಚಿರಲಿ, ಸೂರ್ಯನ ಕಡೆ ತಿರುಗಿದ್ರೆ ಕಣ್ಣೇ ಹೋಗುತ್ತೆ.

ಜನರನ್ನ ಸಾಲಲ್ಲಿ ನಿಲ್ಲಿಸಿ ಒಬ್ಬೊಬ್ಬರಿಗೆ ಐದು ಸೆಕೆಂಡ್ ತೋರಿಸೋ ಪದ್ಧತಿ ಬಗ್ಗೆ ನಮ್ಮ ವಿರೋಧ ಇದೆ. ಗಾಳಿ ನಿಮಿಷಕ್ಕೆ ಎರಡೋ ಮೂರೋ ಸಲ ಮಾತ್ರ ಅರೆಕ್ಷಣ ಸ್ತಬ್ಧವಾಗುತ್ತೆ, ಆಗ ಮಾತ್ರ ವಿವರ ಕಾಣೋದು. 120 ಪಟ್ಟಿನಲ್ಲಿ ಗ್ರಹವನ್ನ ಪೂರ್ವದ ಅಂಚಿಗೆ ತಂದು ಕೈಬಿಟ್ಟರೆ, ಭೂಮಿ ತಿರುಗೋದರಿಂದ ಅದು ಸುಮಾರು 100 ಸೆಕೆಂಡಲ್ಲಿ ಈ ಅಂಚಿಂದ ಆ ಅಂಚಿಗೆ ತೇಲಿಹೋಗುತ್ತೆ. ಒಬ್ಬರಿಗೆ ಒಂದು ಸಲ ತೇಲೋ ಅಷ್ಟು ಹೊತ್ತು ಕೊಡಿ. ಒಂದು ಸ್ಟೂಲ್ ಹಾಕಿ, ಕೂತು ನೋಡಲಿ. ಬಗ್ಗಿ ನಿಂತ ಅಜ್ಜಿಗೆ ಏನೂ ಕಾಣಲ್ಲ.

ಏನು ಕಾಣುತ್ತೆ ಅಂತಲೂ ಮೊದಲೇ ಹೇಳಬೇಕು. ಬಾಹ್ಯಾಕಾಶ ನೌಕೆ ತೆಗೆದ ಬಣ್ಣದ ಫೋಟೊ ನಿರೀಕ್ಷೆ ಮಾಡಿ ಬಂದವರಿಗೆ ಬೇಸರ ಆಗುತ್ತೆ. ಗುರು ನಮಗೆ ಹತ್ತಿರ ಇದ್ದಾಗ 40 ಪಟ್ಟಿನಲ್ಲಿ ಬರಿಗಣ್ಣಿನ ಹುಣ್ಣಿಮೆ ಚಂದ್ರನಷ್ಟು ಕಾಣುತ್ತೆ, ಎರಡು ಕಂದು ಪಟ್ಟಿ ಇರುತ್ತೆ. ಶನಿಯ ಉಂಗುರ 30 ಪಟ್ಟಿನಿಂದಲೇ ಬೇರೆಯಾಗಿ ಕಾಣುತ್ತೆ. 2025ರ ಮಾರ್ಚ್‌ನಲ್ಲಿ ಆ ಉಂಗುರ ನಮಗೆ ಸರಿಯಾಗಿ ಅಂಚು ತೋರಿಸಿ ಹೆಚ್ಚುಕಡಿಮೆ ಮಾಯವಾಗಿತ್ತು, ಈಗ ಮೆಲ್ಲಗೆ ತೆರೀತಿದೆ, 2032ರ ಹೊತ್ತಿಗೆ ಪೂರ್ತಿ ಅರಳಿರುತ್ತೆ. ಯಾಕೆ ಮಾಯವಾಯ್ತು ಅಂದ್ರೆ ಅದು ಅಷ್ಟು ತೆಳು. ಅಗಲ 2 ಲಕ್ಷ 70 ಸಾವಿರ ಕಿ.ಮೀ., ದಪ್ಪ ಬಹಳ ಕಡೆ 10 ಮೀಟರ್ ಆಸುಪಾಸು. ತುಮಕೂರಿಂದ ಬೆಂಗಳೂರಿನವರೆಗೆ 70 ಕಿ.ಮೀ. ಅಗಲದ ರೊಟ್ಟಿ ತಟ್ಟಿದ್ರೆ, ಅದೇ ಲೆಕ್ಕದಲ್ಲಿ ದಪ್ಪ ಎರಡೂವರೆ ಮಿಲಿಮೀಟರ್ ಇರಬೇಕು. ಎರಡು ರಾಗಿ ಕಾಳಿನಷ್ಟು.

ಅಂದಹಾಗೆ ಸಾಡೇಸಾತಿಯ ಏಳೂವರೆ ವರ್ಷ ಎಲ್ಲಿಂದ ಬಂತು ಗೊತ್ತಾ? ಶನಿ ಸೂರ್ಯನ ಸುತ್ತ ಒಂದು ಸುತ್ತು ಬರೋಕೆ ಇಪ್ಪತ್ತೊಂಬತ್ತೂವರೆ ವರ್ಷ. ಹನ್ನೆರಡು ರಾಶಿಗೆ ಹಂಚಿದರೆ ಒಂದಕ್ಕೆ ಎರಡೂವರೆಗೆ ಚೂರು ಕಡಿಮೆ, ಮೂರು ರಾಶಿಗೆ ಏಳೂವರೆ ಸಮೀಪ. ಟೆಲಿಸ್ಕೋಪ್ ಇಲ್ಲದ ಕಾಲದಲ್ಲಿ ತಲೆಮಾರುಗಟ್ಟಲೆ ರಾತ್ರಿ ಕೂತು ಎಣಿಸಿದವರ ಅಳತೆ ಇದು. ಪಾವಗಡದ ಸಾಲಲ್ಲಿ ನಿಂತವರಿಗೆ ಇದನ್ನ ಹೇಳಿ ಗ್ರಹ ತೋರಿಸಿದರೆ ಅವರ ಭಕ್ತಿಗೆ ಕುಂದೇನೂ ಬರಲ್ಲ. ಇವತ್ತಿಗೂ ಪಂಚಾಂಗದಲ್ಲಿ ಶನಿ ಯಾವ ರಾಶಿ ಅಂತ ನೋಡಿ, ಆ ಕಡೆ ತಿರುಗಿದರೆ ಗ್ರಹ ಸಿಗುತ್ತೆ. 2026ರ ಅಕ್ಟೋಬರ್ ಮೊದಲ ವಾರ ಶನಿ ಸೂರ್ಯನಿಗೆ ಎದುರು ಬರುತ್ತೆ, ಅಂದ್ರೆ ಸೂರ್ಯ ಮುಳುಗಿದಾಗ ಹುಟ್ಟಿ ರಾತ್ರಿಯಿಡೀ ಇರುತ್ತೆ, ಆದರೆ ಆಗ ಹಿಂಗಾರು ಮೋಡ. ಕಾರ್ತಿಕ, ಮಾರ್ಗಶಿರದ ಸಂಜೆಗಳೇ ನಮಗೆ ಅನುಕೂಲ.

ಶನಿಯ ಚಂದ್ರರ ಸಂಖ್ಯೆ 2025ರಲ್ಲಿ 274ಕ್ಕೆ ಏರಿತು. ಆ ಸಂಖ್ಯೆಗೆ ನಾವು ಬೆಲೆ ಕೊಡಲ್ಲ, ಬಹುಪಾಲು ಕೆಲವೇ ಕಿಲೋಮೀಟರ್ ಬಂಡೆಗಳು. ನೋಡಬೇಕಾದ್ದು ಟೈಟಾನ್. 6 ಇಂಚಿನಲ್ಲಿ ಸಲೀಸಾಗಿ ಸಿಗುತ್ತೆ, 16 ದಿನಕ್ಕೆ ಒಂದು ಸುತ್ತು. 2005ರ ಜನವರಿ 14ಕ್ಕೆ ಹೈಗೆನ್ಸ್ ಎಂಬ ಪುಟ್ಟ ನೌಕೆ ಅದರ ನೆಲಕ್ಕೇ ಇಳಿದಿತ್ತು. ಅಲ್ಲಿ ಸೊನ್ನೆಗಿಂತ 179 ಡಿಗ್ರಿ ಕೆಳಗಿನ ಚಳಿ, ಮಳೆ ಬೀಳೋದು ಮೀಥೇನ್, ಕೆರೆ ತುಂಬೋದೂ ಮೀಥೇನ್. ಶನಿಯ ಇನ್ನೊಂದು ಚಂದ್ರ ಎನ್ಸೆಲಾಡಸ್ ನಮ್ಮ ಟೆಲಿಸ್ಕೋಪಿಗೆ ಕಷ್ಟ, ಆದರೆ ಅದರ ಬಗ್ಗೆ ಹೇಳದೇ ಇರೋಕಾಗಲ್ಲ. ಅಡ್ಡಳತೆ 504 ಕಿ.ಮೀ., ನೇರ ಗೆರೆ ಎಳೆದರೆ ಬೆಂಗಳೂರಿಂದ ಬೀದರಿನಷ್ಟೂ ಇಲ್ಲ. ಅಷ್ಟು ಸಣ್ಣದು ದಕ್ಷಿಣ ಧ್ರುವದಿಂದ ನೀರಿನ ಬುಗ್ಗೆ ಚಿಮ್ಮಿಸುತ್ತೆ ಅಂತ 2005ರಲ್ಲಿ ಕಸಿನಿ ನೌಕೆ ಕಂಡಿತು. ಅದರ ಅಂಕಿಅಂಶದಲ್ಲೇ ಆಮೇಲೆ ಹೈಡ್ರೋಜನ್, ಫಾಸ್ಫೇಟ್ ಕೂಡ ಸಿಕ್ಕವು.

ಇನ್ನು ಗುರು. ಮಕ್ಕಳಿಗೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ. ನಾಲ್ಕು ಚಂದ್ರರು 10x50 ಬೈನಾಕ್ಯುಲರ್‌ಗೇ ಕಾಣ್ತಾರೆ, ಆದರೆ ಕೈಯಲ್ಲಿ ಹಿಡಿದರೆ ನಡುಗುತ್ತೆ, ಕಾಂಪೌಂಡ್ ಗೋಡೆ ಮೇಲೆ ಮರಳಿನ ಚೀಲ ಇಟ್ಟು ಅದರ ಮೇಲೆ ಕೂರಿಸಿ. ನೋಟ್‌ಬುಕ್ಕಿನಲ್ಲಿ ದಿನಾ ಒಂದು ಗೆರೆ, ಮಧ್ಯೆ ಗುಂಡು, ಪಕ್ಕದಲ್ಲಿ ಕಂಡಷ್ಟು ಚುಕ್ಕಿ, ತಾರೀಕು, ಗಂಟೆ. ಹದಿನೈದು ರಾತ್ರಿ ಬರೆದರೆ ಯಾವುದು ಯಾರು ಅಂತ ಮಕ್ಕಳೇ ಹೇಳ್ತಾರೆ. ಗ್ಯಾನಿಮೀಡ್ 7 ದಿನಕ್ಕೆ ಚೂರು ಹೆಚ್ಚು, ಅಂದ್ರೆ ಈ ಭಾನುವಾರ ಇದ್ದಲ್ಲೇ ಮುಂದಿನ ಭಾನುವಾರ. ಯೂರೋಪಾ ಅದರ ಅರ್ಧ, ಅಯೊ ಗ್ಯಾನಿಮೀಡಿನ ಕಾಲು ಭಾಗ. ಈ 1, 2, 4ರ ತಾಳ ಕಾಕತಾಳೀಯ ಅಲ್ಲ. ಒಂದು ಇನ್ನೊಂದನ್ನ ಪದೇ ಪದೇ ಅದೇ ಜಾಗದಲ್ಲಿ ಎಳೆಯೋದರಿಂದ ಅಯೊದ ಕಕ್ಷೆ ದುಂಡಾಗೋಕೇ ಆಗಲ್ಲ, ಗುರು ಅದನ್ನ ಹಿಟ್ಟು ನಾದಿದ ಹಾಗೆ ನಾದುತ್ತೆ, ಒಳಗೆ ಕಾದು 400ಕ್ಕೂ ಹೆಚ್ಚು ಜ್ವಾಲಾಮುಖಿ.

ಅದೇ ನಾದಾಟ ಯೂರೋಪಾದ ಹಿಮದಡಿ ನೀರನ್ನ ಕರಗಿಸಿಟ್ಟಿದೆ. ಹಿಮದ ಚಿಪ್ಪು 15ರಿಂದ 25 ಕಿ.ಮೀ. ದಪ್ಪ ಅಂತ ಅಂದಾಜು. ಕೋಲಾರದವರಿಗೆ ಆ ಆಳ ಅರ್ಥ ಆಗುತ್ತೆ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ತಲೆಮಾರುಗಳ ದುಡಿಮೆಯಲ್ಲಿ ಇಳಿದಿದ್ದು 3 ಕಿ.ಮೀ. ಚಿಲ್ಲರೆ. ಅದಕ್ಕೇ 2024ರ ಅಕ್ಟೋಬರ್‌ನಲ್ಲಿ ಹೊರಟ ಯೂರೋಪಾ ಕ್ಲಿಪ್ಪರ್ ನೌಕೆ ಕೊರೆಯೋಕೆ ಹೋಗ್ತಿಲ್ಲ. 2030ರಲ್ಲಿ ಗುರುವನ್ನ ತಲುಪಿ, ಯೂರೋಪಾದ ಪಕ್ಕದಲ್ಲಿ ಮತ್ತೆ ಮತ್ತೆ ಹಾರಿ, ರೇಡಾರ್‌ನಿಂದ ಒಳಗೆ ಇಣುಕುತ್ತೆ.

ದೊಡ್ಡ ಮಕ್ಕಳಿಗೆ ಅಯೊದ ಗ್ರಹಣ ಕೊಡಿ. 42 ಗಂಟೆ 28 ನಿಮಿಷ 36 ಸೆಕೆಂಡಿಗೊಮ್ಮೆ ಅದು ಗುರುವಿನ ನೆರಳಿಗೆ ಹೋಗಿ ಬರುತ್ತೆ. ಗುರು ಸೂರ್ಯನಿಗೆ ಎದುರು ಬಂದ ಎರಡು ವಾರದ ಮೇಲೆ, ಅಯೊ ನೆರಳಿಂದ ಹೊರಬಂದ ಹೊತ್ತನ್ನ ಮೊಬೈಲ್ ಗಡಿಯಾರದಲ್ಲಿ ಬರೀರಿ. 50 ಸುತ್ತು ಕಳೆದು, ಸುಮಾರು 88 ದಿನಕ್ಕೆ, ಮತ್ತೆ ಬರೀರಿ. ನಿಮ್ಮೂರಲ್ಲಿ ಆಗ ಹಗಲಾಗಿದ್ರೆ ಹಿಂದಿನದೋ ಮುಂದಿನದೋ ಹಿಡೀರಿ. ಲೆಕ್ಕಕ್ಕಿಂತ ಸುಮಾರು 9 ನಿಮಿಷ ತಡ ಆಗಬೇಕು, ಅಷ್ಟರಲ್ಲಿ ಭೂಮಿ ದೂರ ಸರಿದಿರುತ್ತೆ, ಬೆಳಕಿಗೆ ದಾರಿ ಉದ್ದವಾಗಿರುತ್ತೆ. ಗುರುವಿನ ಕಕ್ಷೆ ಪೂರ್ತಿ ದುಂಡಲ್ಲ, ಅದರಿಂದ ಕೆಲವು ನಿಮಿಷ ಆಚೀಚೆ ಆಗುತ್ತೆ, ಬೆಳಕಿನ ವೇಗ ಕರಾರುವಾಕ್ಕಾಗಿ ಸಿಗಲ್ಲ. ತಡ ಆಗೋದಂತೂ ಗಡಿಯಾರದಲ್ಲೇ ಕಾಣುತ್ತೆ. 1676ರಲ್ಲಿ ಡೆನ್ಮಾರ್ಕಿನ ಖಗೋಳಜ್ಞ ರೋಮರ್ ಬೆಳಕಿಗೂ ವೇಗ ಇದೆ ಅಂತ ಹೇಳಿದ್ದು ಇದೇ ಗ್ರಹಣ ನೋಡಿ.

ಯುರೇನಸ್, ನೆಪ್ಚೂನ್‌ಗೆ ಸಾಲು ನಿಲ್ಲಿಸಬೇಡಿ. ನೀಲಿ ಹಸಿರು ಚುಕ್ಕಿಗಿಂತ ಹೆಚ್ಚೇನೂ ಕಾಣಲ್ಲ. ಯುರೇನಸ್ಸಿಗೆ ಉಂಗುರ ಇದೆ ಅಂತ 1977ರ ಮಾರ್ಚ್ 10ರಂದು, ಅದು ನಕ್ಷತ್ರವೊಂದನ್ನ ಮರೆಮಾಡಿದಾಗ ಗೊತ್ತಾಯ್ತು. ಆ ರಾತ್ರಿ ಅಳತೆ ತೆಗೆದವರಲ್ಲಿ ಪಕ್ಕದ ತಮಿಳುನಾಡಿನ ಕವಲೂರು ವೀಕ್ಷಣಾಲಯದವರೂ ಇದ್ದರು. ಇದನ್ನ ಮಾತ್ರ ಮರೀದೆ ಹೇಳಿ.

ಚಿಕ್ಕಬಳ್ಳಾಪುರ ಜಿಲ್ಲೆಯವರಿಗೆ ಬೇರೆಯೇ ಒಂದು ಕೆಲಸ ಇದೆ, ಗುರುವನ್ನ ಕೇಳೋದು. ಗೌರಿಬಿದನೂರಿನ ಹತ್ತಿರ ಎರಡು ತೋಳಿನ ಆಂಟೆನಾಗಳಾದ 1000 ಡೈಪೋಲ್‌ಗಳನ್ನ ಟಿ ಆಕಾರದಲ್ಲಿ ನೆಟ್ಟು 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶ ಆಲಿಸೋ ರೇಡಿಯೊ ಟೆಲಿಸ್ಕೋಪ್ ಕಟ್ಟಿದ್ದು 1970ರ ದಶಕದಲ್ಲಿ. ಗುರು 40 ಮೆಗಾಹರ್ಟ್ಸ್‌ನ ಕೆಳಗೆ ಜೋರಾಗಿ ರೇಡಿಯೊ ಅಲೆ ಸಿಡಿಸುತ್ತೆ. ಅಯೊದ ಜ್ವಾಲಾಮುಖಿಗಳಿಂದ ಸೆಕೆಂಡಿಗೆ ಸುಮಾರು ಒಂದು ಟನ್ ವಸ್ತು ಗುರುವಿನ ಕಾಂತಕ್ಷೇತ್ರಕ್ಕೆ ಸೇರುತ್ತೆ, ಅಯೊ ಆ ಕ್ಷೇತ್ರದೊಳಗೆ ಓಡೋವಾಗ ಲಕ್ಷಾಂತರ ಆಂಪಿಯರ್ ವಿದ್ಯುತ್ ಹರಿಯುತ್ತೆ, ಸಿಡಿತ ಅಲ್ಲಿಂದ.

ಕೇಳೋಕೆ ದೊಡ್ಡ ಏರ್ಪಾಡು ಬೇಡ. 20 ಮೆಗಾಹರ್ಟ್ಸ್ ಹಿಡಿಯೋ ಶಾರ್ಟ್‌ವೇವ್ ರಿಸೀವರ್, 3.55 ಮೀಟರಿನ ಎರಡು ತಾಮ್ರದ ತಂತಿ ಸಾಕು. ಅವನ್ನ ಪೂರ್ವ ಪಶ್ಚಿಮವಾಗಿ ನೇರಕ್ಕೆ ಕಟ್ಟಿ, ನೆಲದಿಂದ 4 ಮೀಟರ್ ಎತ್ತರ ಇರಲಿ, ನಡುವೆ ಇನ್ಸುಲೇಟರ್, ಅಲ್ಲಿಂದ ಕೇಬಲ್ ಟಿ.ವಿ.ಯ 75 ಓಮ್ ವೈರ್. ರಿಸೀವರ್‌ನಲ್ಲಿ ಎಎಂ ಇಡಿ, ತಾನೇ ಧ್ವನಿ ಏರಿಳಿಸೋ ಎಜಿಸಿ ಆಫ್ ಮಾಡಿ. ಹಗಲು ಬೇಡ, ವಾಯುಮಂಡಲದ ಮೇಲಿನ ವಿದ್ಯುತ್ ಕಣಗಳ ಪದರ, ಅಂದ್ರೆ ಅಯಾನುಗೋಳ, ತಡೆಯುತ್ತೆ, ನಡುರಾತ್ರಿ ಮೇಲೆ ಚೆನ್ನ. ಅಯೊ ಗುರುವಿನ ಪೂರ್ವಕ್ಕೆ ತುದಿಯಲ್ಲಿ ನಿಂತಾಗ, ಗುರುವಿನ ತಕ್ಕ ಮುಖವೂ ನಮ್ಮ ಕಡೆ ತಿರುಗಿದ್ದಾಗ ಸಾಧ್ಯತೆ ಹೆಚ್ಚು. ಒಂದು ಬಗೆಯ ಸಿಡಿತ ಸಮುದ್ರದ ಅಲೆ ದಡಕ್ಕೆ ಬಂದು ಹೋದ ಹಾಗೆ, ಇನ್ನೊಂದು ಬಗೆ ಭಟ್ಟಿಯಲ್ಲಿ ಪುರಿ ಸಿಡಿದ ಹಾಗೆ ಚಟಪಟ.

ಅಡ್ಡಿ ಬರೋದು ಎಲ್‌ಇಡಿ ಬಲ್ಬು, ಇನ್ವರ್ಟರ್, ಬೋರ್‌ವೆಲ್ ಪಂಪ್‌ಸೆಟ್ಟಿನ ಸ್ಟಾರ್ಟರ್, ಹೊಲದ ಮೇಲೆ ಹೋಗೋ ಲೈನು. ಎಲ್ಲಿ ತಿರುಗಿಸಿದರೂ ಗೊರ್ ಅಂತ ಒಂದೇ ಸಮ ಸದ್ದು ಬಂದರೆ ಅದು ಗುರು ಅಲ್ಲ, ಪಕ್ಕದ ತೋಟದ ಮೋಟಾರು. ರಿಸೀವರ್ ಬ್ಯಾಟರಿ ಮೇಲೆ ನಡೆಯೋ ಹಾಗೆ ಇಟ್ಟುಕೊಳ್ಳಿ. ರಾತ್ರಿ ಊರಿಗೂರೇ ಕರೆಂಟು ಹೋದಾಗ ಆ ಗದ್ದಲದಲ್ಲಿ ಬಹುಪಾಲು ಒಮ್ಮೆಲೇ ನಿಲ್ಲುತ್ತೆ. ಗುರು ಆಗ ಮೇಲಿದ್ದರೆ ಟಾರ್ಚ್ ಹುಡುಕೋ ಮೊದಲು ರೇಡಿಯೊ ಹಾಕಿ.