ಬಿದ್ನಿಯಾದ ಲೇಖಕಿ ಮತ್ತು ತೀರದ ದಾವೆಗಳು

ಕಲಬುರಗಿ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ನಾನು ಪತ್ರಕರ್ತನಲ್ಲ, ಈ ಊರಿನ ಕೋರ್ಟುಗಳಲ್ಲಿ ವಕೀಲಿಕೆ ಮಾಡಿಕೊಂಡು ಬಂದವನು. ಆದರೂ 2017ರಲ್ಲಿ ಹತ್ಯೆಯಾದ, ಮಾಲ್ಟಾ ದೇಶದ ಡಾಫ್ನಿ ಕರುವಾನಾ ಗಲಿಜಿಯಾ ಎಂಬ ಪತ್ರಕರ್ತೆಯ ಕುರಿತು ಮಾತನಾಡಲು ಒಪ್ಪಿಕೊಂಡೆ. ಆಕೆ ಬರೆದ ವರದಿಗಳನ್ನು, ಆಕೆಯ ಮೇಲೆ ಹೂಡಲಾದ ಮಾನಹಾನಿ ದಾವೆಗಳೊಂದಿಗೆ ಇಟ್ಟು ಓದಿದರೆ ಮಾತ್ರ ಆಕೆ ಅರ್ಥವಾಗುತ್ತಾರೆ ಎಂಬುದು ನನ್ನ ಅನಿಸಿಕೆ.

ಮಾಲ್ಟಾ ಎಂಬುದು ಮೆಡಿಟರೇನಿಯನ್ ಸಮುದ್ರದ ನಡುವಿನ ದ್ವೀಪದೇಶ. ಅದರ ವಿಸ್ತೀರ್ಣ 316 ಚದರ ಕಿಲೋಮೀಟರು, ಅಂದರೆ ನಮ್ಮ ಜಿಲ್ಲೆಯ ಒಂದು ತಾಲ್ಲೂಕಿಗಿಂತಲೂ ಸಣ್ಣದು. 2011ರ ಜನಗಣತಿಯಲ್ಲೇ 5 ಲಕ್ಷ ದಾಟಿದ್ದ ಕಲಬುರಗಿ ನಗರದಷ್ಟು ಜನ ಆಗ ಆ ಇಡೀ ದೇಶದಲ್ಲಿ ಇರಲಿಲ್ಲ. ಇಷ್ಟು ಸಣ್ಣ ಜಾಗದಲ್ಲಿ ಮಂತ್ರಿ, ಲೆಕ್ಕಪರಿಶೋಧಕ, ವಕೀಲ, ಸುದ್ದಿ ಬರೆಯುವವರು ಎಲ್ಲರೂ ಒಂದಲ್ಲ ಒಂದು ಮದುವೆಮನೆಯಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಉಂಡವರೇ ಆಗಿರುತ್ತಾರೆ. ಅಂಥ ಊರಿನಲ್ಲಿ ಹೆಸರು ಹಿಡಿದು ಬರೆಯುವುದಕ್ಕೆ ಎಷ್ಟು ಎದೆಗಾರಿಕೆ ಬೇಕೆಂಬುದು ಸಣ್ಣ ಊರಿನಲ್ಲಿ ಬಾಳಿದವರಿಗೆ ಹೇಳಿಕೊಡಬೇಕಾಗಿಲ್ಲ.

1964ರಲ್ಲಿ ಹುಟ್ಟಿದ ಡಾಫ್ನಿ 1990ರ ಹೊತ್ತಿಗೆ ಅಲ್ಲಿನ ಪ್ರಮುಖ ಪತ್ರಿಕೆಯಲ್ಲಿ ಅಂಕಣಕಾರ್ತಿಯಾದರು. ಮುಂದೆ ಇನ್ನೊಂದು ಪತ್ರಿಕೆಯಲ್ಲಿ ಬರೆದರು, ಪುರಾತತ್ವದಲ್ಲಿ ಪದವಿ ಪಡೆದರು, ಅಡುಗೆ ಮತ್ತು ಮನೆಯಲಂಕಾರದ ಮಾಸಪತ್ರಿಕೆಯೊಂದನ್ನೂ ಸಂಪಾದಿಸಿದರು. 2008ರಲ್ಲಿ ‘ರನ್ನಿಂಗ್ ಕಾಮೆಂಟರಿ’ ಎಂಬ ಸ್ವಂತ ಬ್ಲಾಗ್ ತೆರೆದ ಮೇಲೆ ಅವರ ಬರವಣಿಗೆಗೆ ಸಂಪಾದಕರೆಂಬ ಕಾವಲುಗಾರರು ಇಲ್ಲವಾದರು. ಇದು ಅವರ ಬಲವೂ ಆಯಿತು, ತೊಡಕೂ ಆಯಿತು. ಅಧಿಕಾರಸ್ಥರ ಹಣಕಾಸಿನ ವ್ಯವಹಾರ ಬಯಲು ಮಾಡಿದ ಲೇಖನದ ಪಕ್ಕದಲ್ಲೇ ಯಾರದೋ ಉಡುಗೆತೊಡುಗೆಯನ್ನು, ಮೈಕಟ್ಟನ್ನು ಚುಚ್ಚಿ ಬರೆದ ನಾಲ್ಕು ಸಾಲು ಇರುತ್ತಿತ್ತು. ಆ ಸಾಲುಗಳನ್ನು ನಾನು ಸಮರ್ಥಿಸಲಾರೆ. ಬಿದ್ನಿಯಾ ಎಂಬ ಹಳ್ಳಿಯಲ್ಲಿದ್ದ ಅವರನ್ನು ವಿರೋಧಿಗಳು ‘ಬಿದ್ನಿಯಾದ ಮಾಟಗಾತಿ’ ಎಂದೇ ಕರೆಯುತ್ತಿದ್ದರು. 2006ರಲ್ಲಿ ಅವರ ಮನೆಗೆ ಬೆಂಕಿ ಹಚ್ಚುವ ಪ್ರಯತ್ನವೂ ನಡೆದಿತ್ತು.

2016ರ ಫೆಬ್ರವರಿಯಲ್ಲಿ, ಗುಟ್ಟಿನ ವಿದೇಶಿ ಕಂಪನಿಗಳ ಒಡೆಯರನ್ನು ಬಯಲು ಮಾಡಿದ ‘ಪನಾಮಾ ಕಾಗದಪತ್ರಗಳು’ ಎಂಬ ಸೋರಿಕೆಯಾದ ದಾಖಲೆಗಳು ಜಗತ್ತಿಗೆ ತಿಳಿಯುವ ಮೊದಲೇ, ಮಂತ್ರಿ ಕೋನ್ರಾಡ್ ಮಿಜ್ಜಿ ಹಾಗೂ ಪ್ರಧಾನಿ ಜೋಸೆಫ್ ಮಸ್ಕಾಟ್ ಅವರ ಕಚೇರಿಯ ಮುಖ್ಯಸ್ಥ ಕೀತ್ ಶೆಂಬ್ರಿ ಅವರಿಗೆ ಪನಾಮಾದಲ್ಲಿ ಕಂಪನಿಗಳಿವೆಯೆಂದು ಡಾಫ್ನಿ ಬರೆದರು. ಏಪ್ರಿಲ್‌ನಲ್ಲಿ ಹೊರಬಂದ ದಾಖಲೆಗಳು ಆ ಕಂಪನಿಗಳು ಇರುವುದನ್ನು ತೋರಿಸಿದವು.

ಮರುವರ್ಷದ ಒಂದು ಪ್ರಕರಣವನ್ನು ವಕೀಲನಾಗಿ ನಾನು ಮತ್ತೆ ಮತ್ತೆ ಓದಿದ್ದೇನೆ. ಆರ್ಥಿಕ ಖಾತೆಯ ಮಂತ್ರಿ ಕ್ರಿಸ್ ಕಾರ್ಡೋನಾ ಅವರು ಸರ್ಕಾರಿ ಕೆಲಸಕ್ಕೆಂದು ಜರ್ಮನಿಗೆ ಹೋದಾಗ ವೇಶ್ಯಾಗೃಹಕ್ಕೆ ಹೋಗಿದ್ದರೆಂದು ಡಾಫ್ನಿ ಬರೆದರು. ಮಂತ್ರಿ ಅದನ್ನು ಅಲ್ಲಗಳೆದು ದಾವೆ ಹೂಡಿದರು. ಜೊತೆಗೆ, ತೀರ್ಪು ಬರುವ ಮೊದಲೇ ಡಾಫ್ನಿ ಅವರ ಬ್ಯಾಂಕ್ ಖಾತೆಗಳಿಗೆ ಜಪ್ತಿ ಆದೇಶ ತಂದರು. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿಯೂ ತೀರ್ಪಿಗೆ ಮುಂಚಿನ ಜಪ್ತಿಗೆ ಅವಕಾಶವುಂಟು. ಆದರೆ ಪ್ರತಿವಾದಿ ಆಸ್ತಿಯನ್ನು ಕೈದಾಟಿಸಲು ಹೊರಟಿದ್ದಾನೆಂದು ನ್ಯಾಯಾಧೀಶರಿಗೆ ಮನವರಿಕೆ ಮಾಡಿಕೊಡಬೇಕು. ಒಂದು ಲೇಖನಕ್ಕೆ ಲೇಖಕಿಯ ಸಂಸಾರದ ದುಡ್ಡನ್ನು ಕಟ್ಟಿಹಾಕಬಹುದೆಂದು ನಮ್ಮ ವಕೀಲರ ಸಂಘದಲ್ಲಿ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಅಲ್ಲಿ ಓದುಗರೇ ವಂತಿಗೆ ಕೂಡಿಸಿ ನೆರವಿಗೆ ನಿಂತರು. ಇತ್ತ ಡಾಫ್ನಿ, ಮಂತ್ರಿಯ ಮೊಬೈಲ್ ಆ ರಾತ್ರಿ ಎಲ್ಲಿತ್ತೆಂಬ ವಿವರವನ್ನು ಕಾಯ್ದಿಡುವಂತೆ ಮೊಬೈಲ್ ಕಂಪನಿಗಳಿಗೆ ಆದೇಶ ಕೊಡಿಸಿಕೊಂಡರು. ಆಕೆ ತೀರಿಕೊಂಡ ಮರುವರ್ಷ, ಮಂತ್ರಿಯ ಕಡೆಯವರು ವಾಯಿದೆಯ ದಿನ ಹಾಜರಾಗದೆ ದಾವೆ ಬಿದ್ದುಹೋಯಿತು. ವರದಿ ನಿಜವೋ ಸುಳ್ಳೋ ಎಂಬುದನ್ನು ಹಾಗಾಗಿ ಯಾವ ಕೋರ್ಟೂ ಹೇಳಲಿಲ್ಲ.

ಇನ್ನು ಎಲ್ಲಕ್ಕಿಂತ ಹೆಚ್ಚು ವಿವಾದಕ್ಕೀಡಾದ ವರದಿಯ ಮಾತು. ಪನಾಮಾದ ಎಗ್ರಾಂಟ್ ಎಂಬ ಕಂಪನಿಯ ಒಡೆತನ ಪ್ರಧಾನಿಯ ಪತ್ನಿಯದೆಂದೂ, ಅದನ್ನು ತೋರಿಸುವ ಕಾಗದಗಳು ಪಿಲಾಟಸ್ ಬ್ಯಾಂಕಿನ ಕಚೇರಿಯ ಅಡುಗೆಮನೆಯಲ್ಲಿದ್ದ ತಿಜೋರಿಯಲ್ಲಿ ಇದ್ದವೆಂದೂ 2017ರ ಏಪ್ರಿಲ್‌ನಲ್ಲಿ ಡಾಫ್ನಿ ಬರೆದರು. ಆಧಾರ, ಆ ಬ್ಯಾಂಕಿನಲ್ಲಿ ಕೆಲಸ ಮಾಡಿದ್ದ ರಷ್ಯಾದ ಒಬ್ಬ ಮಹಿಳೆಯ ಮಾತು. ಪ್ರಧಾನಿ ಆರೋಪವನ್ನು ತಳ್ಳಿಹಾಕಿ, ತಾವೇ ನ್ಯಾಯಾಂಗ ವಿಚಾರಣೆ ಕೇಳಿದರು, ಅವಧಿಗೆ ಮುನ್ನ ಚುನಾವಣೆ ಘೋಷಿಸಿದರು, ಜೂನ್‌ನಲ್ಲಿ ಭಾರಿ ಬಹುಮತದಿಂದ ಗೆದ್ದರು. 2018ರ ಜುಲೈನಲ್ಲಿ ವಿಚಾರಣೆಯ ತೀರ್ಮಾನ ಹೊರಬಿತ್ತು: ಕಂಪನಿಗೂ ಪ್ರಧಾನಿಯ ಕುಟುಂಬಕ್ಕೂ ನಂಟಿರುವುದಕ್ಕೆ ಪುರಾವೆ ಸಿಗಲಿಲ್ಲ, ಸಾಕ್ಷಿಗಳ ಹೇಳಿಕೆಗಳು ಒಂದಕ್ಕೊಂದು ಹೊಂದಲಿಲ್ಲ, ಹಾಜರುಪಡಿಸಿದ ಪ್ರತಿಯಲ್ಲಿದ್ದ ಸಹಿ ನಕಲಿ.

ಇಲ್ಲಿಗೆ ನಿಲ್ಲಿಸಿದರೆ ಆಕೆಯ ವಿರೋಧಿಗಳು ಗೆದ್ದಂತೆ. ಆದರೆ ಎಗ್ರಾಂಟ್ ವರದಿಗೂ ಮೊದಲು, 2017ರ ಫೆಬ್ರವರಿಯಲ್ಲಿ ಆಕೆ ‘17 ಬ್ಲ್ಯಾಕ್’ ಎಂಬ ಹೆಸರನ್ನು ದುಬೈಯೊಂದಿಗೆ ಸೇರಿಸಿ, ಒಗಟಿನಂತೆ, ರಾಜಕಾರಣಿಗಳ ಚಿತ್ರಗಳೊಂದಿಗೆ ಬ್ಲಾಗಿನಲ್ಲಿ ಹಾಕಿದ್ದರು. ಅದು ಯಾರದೆಂದು ಆಗ ಯಾರಿಗೂ ತಿಳಿಯಲಿಲ್ಲ. 2018ರಲ್ಲಿ, ಆಕೆಯ ಕೆಲಸವನ್ನು ಮುಂದುವರಿಸಿದ ಹಲವು ದೇಶಗಳ ಪತ್ರಕರ್ತರು, ಮಿಜ್ಜಿ ಮತ್ತು ಶೆಂಬ್ರಿ ಅವರ ಪನಾಮಾ ಕಂಪನಿಗಳಿಗೆ ಹಣ ಕೊಡಲಿದ್ದ ಕಂಪನಿಯೆಂದು ಅದರ ಹೆಸರು ಒಂದು ಇಮೇಲಿನಲ್ಲಿ ಇದ್ದುದನ್ನು ಪ್ರಕಟಿಸಿದರು. ಆ ವರ್ಷದ ನವೆಂಬರಿನಲ್ಲಿ ಅದರ ಒಡೆಯ, ವಿದ್ಯುತ್ ಸ್ಥಾವರದ ಗುತ್ತಿಗೆಯಲ್ಲಿ ಪಾಲುದಾರನಾಗಿದ್ದ ಉದ್ಯಮಿ ಯೋರ್ಗನ್ ಫೆನೆಕ್ ಎಂದು ವರದಿಯಾಯಿತು.

ಎಗ್ರಾಂಟ್ ಮತ್ತು 17 ಬ್ಲ್ಯಾಕ್, ಎರಡನ್ನೂ ಬರೆದದ್ದು ಒಂದೇ ಕೈ, ಒಂದೇ ಅಭ್ಯಾಸದಿಂದ. ಕಾಗದ ಕೈಸೇರುವ ಮೊದಲೇ, ಕೇಳಿದ್ದನ್ನು ನಂಬಿ ಪ್ರಕಟಿಸುವುದು ಆಕೆಯ ರೀತಿ. ಒಂದರಲ್ಲಿ ಕಾಗದ ಹಿಂದಿನಿಂದ ಬಂದು ಸೇರಿತು. ಇನ್ನೊಂದರಲ್ಲಿ ಬರಲೇ ಇಲ್ಲ. ಆಕೆಯ ಅಭಿಮಾನಿಗಳು 17 ಬ್ಲ್ಯಾಕ್ ವರದಿಯನ್ನೂ ವಿರೋಧಿಗಳು ಎಗ್ರಾಂಟ್ ವರದಿಯನ್ನೂ ಮಾತ್ರ ಎತ್ತಿ ಹಿಡಿಯುತ್ತಾರೆ. ಆಕೆ ನನ್ನ ಕಕ್ಷಿದಾರಳಾಗಿದ್ದರೆ, ‘ಅಮ್ಮಾ, ತಿಜೋರಿಯ ಕಾಗದದ ಅಸಲು ಕಣ್ಣಾರೆ ಕಾಣುವ ತನಕ ತಡೆಯಿರಿ’ ಎಂದು ಖಂಡಿತ ಹೇಳುತ್ತಿದ್ದೆ. ಆಕೆ ಕೇಳುತ್ತಿದ್ದರೆಂದು ಮಾತ್ರ ನನಗೆ ಅನಿಸುವುದಿಲ್ಲ.

2017ರ ಅಕ್ಟೋಬರ್ 16ರ ಮಧ್ಯಾಹ್ನ, ಎಲ್ಲಿ ನೋಡಿದರೂ ವಂಚಕರೇ ಎಂಬ ಅರ್ಥದ ಸಾಲನ್ನು ಬ್ಲಾಗಿಗೆ ಹಾಕಿ ಮನೆಯಿಂದ ಹೊರಟ ಡಾಫ್ನಿ, ಕಾರಿನಲ್ಲಿಟ್ಟಿದ್ದ ಬಾಂಬು ಸಿಡಿದು ಸತ್ತರು. ಅದಕ್ಕೆ 41 ದಿನ ಮುಂಚೆ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರ ಹತ್ಯೆಯಾಗಿತ್ತು. ಅವರಿಗೂ 2008ರ ಒಂದು ವರದಿಗಾಗಿ, 2016ರ ನವೆಂಬರಿನಲ್ಲಿ ಹುಬ್ಬಳ್ಳಿಯ ಕೋರ್ಟು ಮಾನಹಾನಿ ಪ್ರಕರಣದಲ್ಲಿ 6 ತಿಂಗಳ ಶಿಕ್ಷೆ ವಿಧಿಸಿ, ಅವರು ಜಾಮೀನಿನ ಮೇಲಿದ್ದರು.

ಬಾಂಬಿಟ್ಟ ಮೂವರಿಗೆ ಶಿಕ್ಷೆಯಾಗಿದೆ. ಇಬ್ಬರು ಸಹೋದರರಿಗೆ 2022ರಲ್ಲಿ ತಲಾ 40 ವರ್ಷ. 2019ರಲ್ಲಿ ಬಂಧಿತನಾದ ಫೆನೆಕ್ ಹತ್ಯೆಯ ಸಂಚಿನ ಆರೋಪವನ್ನು ನಿರಾಕರಿಸಿದ್ದಾನೆ. ಆ ಬಂಧನದ ಬೆನ್ನಿಗೆ ಎದ್ದ ಪ್ರತಿಭಟನೆಗಳಿಂದ ಪ್ರಧಾನಿ ಹುದ್ದೆ ಬಿಟ್ಟರು. ತಪ್ಪಿತಸ್ಥರಿಗೆ ಶಿಕ್ಷೆಯ ಭಯವೇ ಇಲ್ಲದ ವಾತಾವರಣವನ್ನು ಬೆಳೆಸಿದ ಹೊಣೆ ಸರ್ಕಾರದ್ದೆಂದು 2021ರ ಸಾರ್ವಜನಿಕ ವಿಚಾರಣೆ ಹೇಳಿತು.

ಆಕೆ ಸತ್ತಾಗ ಆಕೆಯ ಮೇಲೆ 40ಕ್ಕೂ ಹೆಚ್ಚು ಮಾನಹಾನಿ ಪ್ರಕರಣಗಳಿದ್ದವು. ನಮ್ಮ ಭಾರತೀಯ ಉತ್ತರಾಧಿಕಾರ ಅಧಿನಿಯಮದ 306ನೆಯ ಕಲಮಿನ ಪ್ರಕಾರ ಮಾನಹಾನಿಯ ದಾವೆ ಪ್ರತಿವಾದಿಯ ಸಾವಿನೊಂದಿಗೆ ಮುಗಿಯುತ್ತದೆ. ವಾರಸುದಾರರ ಮೇಲೆ ಅದು ನಿಲ್ಲದು. ಮಾಲ್ಟಾದಲ್ಲಿ ಹಾಗಲ್ಲ. ಸಿವಿಲ್ ದಾವೆಗಳು, ಸ್ವತಃ ವಕೀಲರಾದ ಆಕೆಯ ಪತಿ ಮತ್ತು ಮೂವರು ಗಂಡುಮಕ್ಕಳ ಹೆಗಲೇರಿದವು. ಅವುಗಳಲ್ಲಿ ಎಗ್ರಾಂಟ್ ಕುರಿತು ಮಸ್ಕಾಟ್ ಹೂಡಿದ್ದ ದಾವೆಯೂ ಒಂದು. 2018ರ ಎಗ್ರಾಂಟ್ ವಿಚಾರಣೆಯ ತೀರ್ಮಾನವನ್ನು ಒಪ್ಪಿಕೊಳ್ಳುವುದಾದರೆ ದಾವೆ ಹಿಂತೆಗೆಯುತ್ತೇನೆ ಎಂದು 2019ರಲ್ಲಿ ಅವರು ತಿಳಿಸಿದರು. ಮಕ್ಕಳು ಒಪ್ಪಲಿಲ್ಲ.

ನಮಸ್ಕಾರ.