ಕಳ್ಳಿಯ ಕುಂಡ ಬದಲಿಸಿದ ವಾರ ನೀರು ಬೇಡ

ಕೇಳುಗರೆಲ್ಲರಿಗೂ ನಮಸ್ಕಾರ. ಮನೆಯಲ್ಲಿರುವ ಕ್ಯಾಕ್ಟಸ್ ಗಿಡವನ್ನು ಹಳೆಯ ಕುಂಡದಿಂದ ಹೊಸ ಕುಂಡಕ್ಕೆ ಬದಲಿಸುವುದು ಹೇಗೆ ಅಂತ ಹೇಳುವುದಕ್ಕೆ ಬಂದಿದ್ದೇನೆ. ಒಲೆ ಮೇಲೆ ಹಾಲಿಟ್ಟು ಬಂದವರು ಇರಬಹುದು, ಮಧ್ಯದಲ್ಲಿ ಎದ್ದು ಹೋಗಬೇಕಾದವರು ಇರಬಹುದು. ಹಾಗಾಗಿ ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕುಂಡ ಬದಲಿಸಿದ ಮೇಲೆ ಒಂದು ವಾರ ನೀರು ಹಾಕಬೇಡಿ. ಒಂದು ಹನಿಯೂ ಬೇಡ. ಉಳಿದದ್ದೆಲ್ಲ ಮರೆತರೂ ಪರವಾಗಿಲ್ಲ, ಇದೊಂದು ನೆನಪಿಟ್ಟುಕೊಳ್ಳಿ.

ನಮಗೆ ಇದು ಕಷ್ಟ, ನನಗೆ ಗೊತ್ತು. ತುಳಸಿ ನೆಟ್ಟರೆ ತಕ್ಷಣ ಒಂದು ಚೊಂಬು ನೀರು ಹುಯ್ಯುತ್ತೇವೆ. ಕನಕಾಂಬರಕ್ಕೂ ಹಾಗೆಯೇ, ಕರಿಬೇವಿಗೂ ಹಾಗೆಯೇ. ಅವುಗಳಿಗೆ ಅದು ಸರಿ. ಅವುಗಳ ಎಲೆಯಿಂದ ನೀರು ಆರಿ ಹೋಗುತ್ತಲೇ ಇರುತ್ತದೆ, ಬೇರಿಗೆ ನೀರು ಸಿಗದಿದ್ದರೆ ಸಂಜೆಯೊಳಗೆ ಬಾಡುತ್ತವೆ. ಕ್ಯಾಕ್ಟಸ್‌ನ ಲೆಕ್ಕವೇ ಬೇರೆ. ಅದರ ಮೈಯೊಳಗೇ ನೀರು ತುಂಬಿದ ಒಂದು ಸಂಪ್ ಇದ್ದ ಹಾಗೆ. ಗುಂಡು ಕ್ಯಾಕ್ಟಸ್‌ನ ಮೈಮೇಲೆ ಉದ್ದುದ್ದ ಏಣುಗಳಿರುತ್ತವೆ, ನೋಡಿದ್ದೀರಿ ಅಲ್ವಾ? ಅದು ಅಂದಕ್ಕೆ ಇರುವುದಲ್ಲ. ನೀರು ಸಿಕ್ಕಾಗ ಗಿಡ ಉಬ್ಬಬೇಕು, ಸಿಗದಾಗ ಕುಗ್ಗಬೇಕು, ಆಗ ಸಿಪ್ಪೆ ಹರಿಯಬಾರದು, ಅದಕ್ಕೆ ಆ ಏಣುಗಳು. ಇನ್ನೊಂದು ವಿಷಯ ಕೇಳಿ. ಬೇರೆ ಗಿಡಗಳು ಹಗಲಿನಲ್ಲಿ ಸಣ್ಣ ಸಣ್ಣ ರಂಧ್ರ ತೆರೆದು ಗಾಳಿ ಎಳೆದುಕೊಳ್ಳುತ್ತವೆ. ಕ್ಯಾಕ್ಟಸ್ ಹಗಲಿನಲ್ಲಿ ಅವನ್ನು ಮುಚ್ಚಿಕೊಂಡಿದ್ದು ರಾತ್ರಿ ತಂಪಾದ ಮೇಲೆ ತೆರೆಯುತ್ತದೆ, ನೀರು ಆರಿ ಹೋಗಬಾರದು ಅಂತ. ಇಷ್ಟೆಲ್ಲ ಏರ್ಪಾಡು ಮಾಡಿಕೊಂಡಿರುವ ಗಿಡ ಒಂದು ವಾರ ನೀರಿಲ್ಲದೆ ಸಾಯುವುದಿಲ್ಲ.

ಹಾಗಾದರೆ ಸಾಯುವುದು ಯಾವುದರಿಂದ? ನೀರಿನಿಂದಲೇ. ಹಳೆಯ ಕುಂಡದಿಂದ ಕೀಳುವಾಗ ನೀವು ಎಷ್ಟೇ ಜೋಪಾನ ಮಾಡಿದರೂ ಒಂದಷ್ಟು ಸಣ್ಣ ಬೇರು ಹರಿಯುತ್ತದೆ. ಹರಿದಲ್ಲೆಲ್ಲ ಗಾಯ. ಮಣ್ಣು ಒಣಗಿದ್ದರೆ ಆ ಗಾಯ ಒಣಗಿ ಮುಚ್ಚಿಕೊಳ್ಳುತ್ತದೆ. ಒದ್ದೆ ಇದ್ದರೆ ಕೊಳೆ ರೋಗ ಅದೇ ಗಾಯದಿಂದ ಒಳಗೆ ಹೋಗುತ್ತದೆ. ಮೈ ತುಂಬ ನೀರಿರುವ ಗಿಡ, ಕೊಳೆ ಒಮ್ಮೆ ಹೊಕ್ಕರೆ ಸರಸರ ಅಂತ ಮೇಲೇರುತ್ತದೆ. ಹೊರಗಿನಿಂದ ಹಸಿರಾಗಿಯೇ ಕಾಣಿಸುತ್ತದೆ. ನಿಮಗೆ ಗೊತ್ತಾಗುವ ಹೊತ್ತಿಗೆ ಬುಡ ಮೆತ್ತಗಾಗಿರುತ್ತದೆ.

ಕ್ಯಾಕ್ಟಸ್ ಮೂಲತಃ ನಮ್ಮ ಕಡೆಯ ಗಿಡ ಅಲ್ಲ, ಅಮೆರಿಕ ಖಂಡಗಳದ್ದು. ನಮ್ಮಲ್ಲಿ ಹೊಲದ ಬದುವಿನಲ್ಲಿ, ಹಾಳು ಬಿದ್ದ ಜಾಗದಲ್ಲಿ ಕಾಣುವ ಪಾಪಾಸುಕಳ್ಳಿಯೂ ಅಲ್ಲಿಂದ ಬಂದದ್ದೇ. ಅದರ ಮೇಲೆ ಸಾಕುವ ಒಂದು ಹುಳುವಿನಿಂದ ಕೆಂಪು ಬಣ್ಣ ಸಿಗುತ್ತಿತ್ತು, ಆ ಕಾಲಕ್ಕೆ ಅದು ದೊಡ್ಡ ವ್ಯಾಪಾರ. 1795ರಲ್ಲಿ ಬ್ರೆಜಿಲ್‌ನಿಂದ ಬಣ್ಣದ ಹುಳು ಅಂದುಕೊಂಡು ಅದರ ಹತ್ತಿರದ ಇನ್ನೊಂದು ಜಾತಿಯ ಹುಳುವನ್ನು ಇಂಡಿಯಾಕ್ಕೆ ತಂದರು. ಒಳ್ಳೆಯ ಬಣ್ಣವಂತೂ ಸಿಗಲಿಲ್ಲ, ಹುಳು ಮಾತ್ರ ಒಂದು ಜಾತಿಯ ಕಳ್ಳಿಯನ್ನೇ ತಿಂದು ಬರಿದು ಮಾಡಿತು. ಅದಕ್ಕೆ ಮೊದಲು ಆ ಕಳ್ಳಿ ಎಕರೆಗಟ್ಟಲೆ ಹಬ್ಬಿತ್ತು. ಅದಕ್ಕೆ ಯಾರು ನೀರು ಹಾಕಿದ್ದರು, ಹೇಳಿ? ಯಾರೂ ಇಲ್ಲ. ಆದರೆ ಅದೇ ಕುಲದ ಗಿಡ ನಮ್ಮ ಕಿಟಕಿಯಲ್ಲಿ ಕೂತ ತಕ್ಷಣ ದಿನಾ ಒಂದು ಲೋಟ ನೀರು ಶುರುವಾಗುತ್ತದೆ.

ಸರಿ, ಕೆಲಸಕ್ಕೆ ಬರೋಣ. ಯಾವಾಗ ಬದಲಿಸಬೇಕು? ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಓಡಿಹೋಗುತ್ತದೆ ಅನ್ನುತ್ತಾರಲ್ಲ, ಅಲ್ಲಿಂದ ಯುಗಾದಿವರೆಗೆ ತುಂಬ ಒಳ್ಳೆಯ ಸಮಯ. ಗಿಡ ಆಗ ಬೆಳೆಯಲು ಶುರು ಮಾಡುತ್ತದೆ, ಗಾಳಿಯೂ ಒಣಗಿರುತ್ತದೆ. ಅದು ತಪ್ಪಿತು ಅಂದರೆ ಮಳೆ ಪೂರ್ತಿ ನಿಂತ ಮೇಲೆ ಮಾಡಿ. ಮಳೆಗಾಲದಲ್ಲಿ ಮಾತ್ರ ಬೇಡವೇ ಬೇಡ. ಮಲೆನಾಡಿನವರು, ಕರಾವಳಿಯವರು ಇದನ್ನು ಇನ್ನೂ ಗಟ್ಟಿಯಾಗಿ ಹಿಡಿಯಬೇಕು. ನಿಮ್ಮಲ್ಲಿ ಜುಲೈ ತಿಂಗಳಲ್ಲಿ ಬಟ್ಟೆಯೇ ಒಣಗುವುದಿಲ್ಲ, ಬೇರಿನ ಗಾಯ ಎಲ್ಲಿಂದ ಒಣಗಬೇಕು?

ಯಾವ ಗಿಡಕ್ಕೆ ಬೇಕು? ಕುಂಡದ ತೂತಿನಿಂದ ಬೇರು ಹೊರಗೆ ಇಣುಕುತ್ತಿದ್ದರೆ, ಗಿಡ ಅಂಚಿಗೆ ಒತ್ತಿಕೊಂಡಿದ್ದರೆ ಬೇಕು. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಲ್ಲೋ ನರ್ಸರಿಯಲ್ಲೋ ಹೊಸದಾಗಿ ತಂದಿದ್ದರೂ ಬೇಕು. ಹಾಗೆ ಕೊಂಡ ಪುಟ್ಟ ಗಿಡಗಳು ಹೆಚ್ಚಾಗಿ ಬರೀ ಕೋಕೋಪೀಟ್‌ನಲ್ಲಿ, ಅಂದರೆ ತೆಂಗಿನ ನಾರಿನ ಪುಡಿಯಲ್ಲಿ ಇರುತ್ತವೆ. ನರ್ಸರಿಯವರಿಗೆ ಅದು ಅನುಕೂಲ, ಹಗುರ, ಸಾಗಿಸುವುದು ಸುಲಭ. ಮನೆಯಲ್ಲಿ ಅದು ತೊಂದರೆ. ಒದ್ದೆಯಾದರೆ ಬಹಳ ದಿನ ಒದ್ದೆಯಾಗಿಯೇ ಇರುತ್ತದೆ. ಪೂರ್ತಿ ಒಣಗಿದರೆ ಮತ್ತೆ ಸುಲಭಕ್ಕೆ ನೀರೇ ಹಿಡಿಯುವುದಿಲ್ಲ. ಬೇರಿನ ಸುತ್ತ ಇರುವ ಅದನ್ನು ಬೆರಳಿನಿಂದ ನಿಧಾನವಾಗಿ ಉದುರಿಸಿ ತೆಗೆಯಿರಿ.

ಮಣ್ಣು ಹೀಗೆ ಮಾಡಿ. ಒಂದು ಪಾಲು ಕೆಮ್ಮಣ್ಣು, ಎರಡು ಪಾಲು ದಪ್ಪ ಮರಳು, ಅರ್ಧ ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಹಿಡಿ ಇಟ್ಟಿಗೆ ಚೂರು ಅಥವಾ ಇದ್ದಿಲ ಚೂರು. ಮರಳು ಸಿಗುವುದಿಲ್ಲ ಅನ್ನುತ್ತೀರಿ, ಎಂ ಸ್ಯಾಂಡ್ ತೆಗೆದುಕೊಳ್ಳಿ. ಆದರೆ ಜರಡಿ ಹಿಡಿದು, ಧೂಳು ಹೋಗುವ ಹಾಗೆ ತೊಳೆದು, ಒಣಗಿಸಿ. ಆ ಬಿಳಿ ಧೂಳು ಉಳಿದರೆ ನೀರು ಬಿದ್ದ ಮೇಲೆ ಗಾರೆ ಹಾಕಿದಂತೆ ಗಟ್ಟಿಯಾಗುತ್ತದೆ. ಮಣ್ಣು ಸರಿಯಾಗಿದೆಯಾ ಅಂತ ನೋಡಬೇಕಾದರೆ ಒಂದು ಹಿಡಿ ಒದ್ದೆ ಮಾಡಿ ಉಂಡೆ ಕಟ್ಟಿ. ಬೆರಳು ಬಿಚ್ಚಿದಾಗ ಅದು ಉದುರಬೇಕು. ಉಂಡೆಯಾಗಿಯೇ ನಿಂತರೆ ಇನ್ನಷ್ಟು ಮರಳು ಸೇರಿಸಿ. ಕುಂಡ ಮಣ್ಣಿನದೇ ಇರಲಿ, ಅದರ ಗೋಡೆಯಿಂದಲೂ ತೇವ ಆರುತ್ತದೆ. ಹಳೆಯದಕ್ಕಿಂತ ಎರಡು ಬೆರಳು ಅಗಲ ಇದ್ದರೆ ಸಾಕು. ಪದೇ ಪದೇ ಬದಲಿಸುವುದು ಯಾಕೆ ಅಂತ ದೊಡ್ಡ ಕುಂಡ ತರುತ್ತಾರೆ, ಅದು ಬೇಡ. ಬೇರಿಲ್ಲದ ಮಣ್ಣಿನಲ್ಲಿ ನೀರು ಸುಮ್ನೆ ನಿಂತಿರುತ್ತದೆ. ತಳದಲ್ಲಿ ತೂತು ಇರಲೇಬೇಕು. ತೂತಿಲ್ಲದ ಚಂದದ ಪಿಂಗಾಣಿ ಬಟ್ಟಲು ಯಾರಾದರೂ ಉಡುಗೊರೆ ಕೊಟ್ಟಿದ್ದರೆ ಅದರಲ್ಲಿ ಪೆನ್ನು ಇಟ್ಟುಕೊಳ್ಳಿ.

ಇಲ್ಲಿ ನಮ್ಮ ಎದುರುಮನೆ ಅಜ್ಜಿಯ ವಿಷಯ ಹೇಳಲೇಬೇಕು. ಅವರ ಮಗ ಕೆಲಸದ ಮೇಲೆ ಬೇರೆ ಊರಿಗೆ ಹೋಗುವಾಗ ಒಂದು ಗುಂಡು ಕ್ಯಾಕ್ಟಸ್ ಬಿಟ್ಟುಹೋಗಿದ್ದ. ಎರಡೂ ಕೈಯಲ್ಲಿ ಹಿಡಿಯುವಷ್ಟು ದಪ್ಪ. ಬೇರು ಜಾಸ್ತಿಯಾಗಿ ಮಣ್ಣಿನ ಕುಂಡ ಸೀಳಿತ್ತು. ಅಜ್ಜಿ ನನ್ನನ್ನು ಕರೆದರು. ನಾನು ಹೋಗಿ ಹೊಸ ಕುಂಡಕ್ಕೆ ಹಾಕಿ, ಒಂದು ವಾರ ನೀರು ಬೇಡ ಅಂತ ಹೇಳಿ ಬಂದೆ. ಆಗಲೇ ಅಜ್ಜಿಯ ಮುಖ ಸಣ್ಣಗಾಯಿತು. "ಅಲ್ಲ ಕಣಪ್ಪ, ಹೊಸ ಮಣ್ಣಿಗೆ ಹಾಕಿ ಒಂದು ಲೋಟ ನೀರೂ ಕೊಡದೆ ಬಿಟ್ಟರೆ ಪಾಪ ಬರುತ್ತೆ" ಅಂದರು. ಅಜ್ಜಿ, ನೀರು ಕೊಟ್ಟರೇ ಪಾಪ ಅಂದೆ. ಆಯ್ತಪ್ಪ ಅಂದರು. ನಾನು ನಂಬಿದೆ.

ಆ ಮನೆಯಲ್ಲಿ ಎಲ್ಲರಿಗೂ ಆ ಗಿಡದ ಮೇಲೆ ಪ್ರೀತಿ, ಊರಲ್ಲಿಲ್ಲದ ಮಗ ಬಿಟ್ಟುಹೋದ ಗಿಡ ನೋಡಿ. ಅಜ್ಜಿ ಬೆಳಿಗ್ಗೆ ಅಕ್ಕಿ ತೊಳೆದ ನೀರನ್ನು ಬುಡಕ್ಕೆ ಸ್ವಲ್ಪವೇ ಸ್ವಲ್ಪ ಹಾಕುತ್ತಿದ್ದರು, ಅದು ನೀರಲ್ಲ ಸತ್ವ ಅಂತ ಅವರ ಲೆಕ್ಕ. ಸೊಸೆಗೆ ಅದು ಗೊತ್ತಿಲ್ಲ. ಅವರು ಮಧ್ಯಾಹ್ನ ಗಿಡ ಕುಗ್ಗಿದಂತೆ ಕಂಡಿತು ಅಂತ ಒಂದು ಲೋಟ ಹಾಕಿದರು. ಮೊಮ್ಮಗ ಶಾಲೆಯಿಂದ ಬಂದವನು ಬಾಟಲಿಯಲ್ಲಿ ಉಳಿದ ನೀರನ್ನು ದಿನಾ ಅಲ್ಲಿಗೇ ಸುರಿಯುತ್ತಿದ್ದ. ಮನೆಕೆಲಸಕ್ಕೆ ಬರುವಾಕೆ ಉಳಿದ ಗಿಡಗಳ ಜೊತೆ ಇದಕ್ಕೂ ಪೈಪು ಹಿಡಿಯುತ್ತಿದ್ದಳು, ಆಕೆಗೆ ಯಾರೂ ಬೇಡ ಅಂತ ಹೇಳಿರಲೇ ಇಲ್ಲ. ಒಬ್ಬೊಬ್ಬರನ್ನು ಕೇಳಿದರೆ ಎಲ್ಲರದೂ ಒಂದೇ ಮಾತು, ನಾನು ಸ್ವಲ್ಪ ಹಾಕಿದೆ ಅಷ್ಟೇ.

ಸ್ವಲ್ಪ ದಿನ ಕಳೆದ ಮೇಲೆ ಗಿಡ ಒಂದು ಕಡೆ ವಾಲಿದೆ ಅಂತ ಹುಡುಗ ಓಡಿ ಬಂದ. ಹೋಗಿ ಬುಡ ಮುಟ್ಟಿದರೆ ಬೆರಳು ಒಳಗೆ ಹೋಯಿತು. ಅಜ್ಜಿ ಕಣ್ಣಲ್ಲಿ ನೀರು. ಗಿಡ ಎತ್ತಿ ಹಳೆಯ ಪೇಪರಿನ ಮೇಲೆ ಮಲಗಿಸಿ, ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಬುಡದಿಂದ ಒಂದೊಂದೇ ಬಿಲ್ಲೆ ಕತ್ತರಿಸುತ್ತ ಬಂದೆ. ಪ್ರತಿ ಸಲವೂ ಚಾಕು ಒರೆಸಬೇಕು, ಇಲ್ಲದಿದ್ದರೆ ಕೊಳೆಯನ್ನು ನಾವೇ ಮೇಲಕ್ಕೆ ಒಯ್ಯುತ್ತೇವೆ. ಮೊದಲ ಬಿಲ್ಲೆ ಕಂದು, ಎರಡನೆಯದರ ನಡುವೆ ಕಂದು ಉಂಗುರ. ಒಂದಿಷ್ಟೂ ಕಲೆ ಇಲ್ಲದ ತಿಳಿ ಹಸಿರು ತಿರುಳು ಬರುವವರೆಗೆ ಕತ್ತರಿಸಿದೆ. ಉಳಿದದ್ದು ಅರ್ಧ ಗಿಡ, ಬೇರೇ ಇಲ್ಲ. ಅದನ್ನು ನೆರಳಿನಲ್ಲಿ, ಗಾಳಿ ಆಡುವ ಶೆಲ್ಫಿನ ಮೇಲೆ ಸುಮ್ನೆ ಇಟ್ಟೆವು. ಮಣ್ಣೂ ಇಲ್ಲ, ನೀರೂ ಇಲ್ಲ. ವಾರಗಟ್ಟಲೆ ಹಾಗೇ ಇತ್ತು. ಅಜ್ಜಿ ದಿನಾ ಅದನ್ನು ನೋಡಿ ನಿಟ್ಟುಸಿರು ಬಿಡುವುದು, ಸತ್ತದ್ದನ್ನು ಯಾಕಪ್ಪ ಇಟ್ಟುಕೊಂಡಿದ್ದೀವಿ ಅನ್ನುವುದು. ಕತ್ತರಿಸಿದ ಜಾಗ ಒಣಗಿ ಗಟ್ಟಿ ಚಿಪ್ಪಾಯಿತು. ಆಮೇಲೆ ಒಣ ಮರಳಿನ ಮೇಲೆ ಕೂರಿಸಿದೆವು. ಒಂದು ದಿನ ಅಜ್ಜಿಯೇ ಫೋನ್ ಮಾಡಿದರು. ಗಿಡ ಎತ್ತಿ ನೋಡಿದರಂತೆ, ಚಿಪ್ಪಿನ ಅಂಚಿನಿಂದ ಬಿಳೀ ಬೇರು ಬಂದಿದೆ. ನೀರೇ ಇಲ್ಲದೆ ಬೇರು ಬಂತಲ್ಲಪ್ಪ ಅಂದರು. ಹೌದು ಅಜ್ಜಿ, ನೀರಿಲ್ಲದ್ದಕ್ಕೇ ಬಂತು ಅಂದೆ. ಈಗ ಅದರ ಸುತ್ತ ಮರಿಗಳಿವೆ, ಬೀದಿಯಲ್ಲಿ ಎಷ್ಟೋ ಮನೆಗೆ ಆ ಮರಿಗಳು ಹೋಗಿವೆ. ಮರಿ ಕೊಡುವಾಗ ಅಜ್ಜಿ ಹೇಳುವ ಮೊದಲ ಮಾತೇ, ಒಂದು ವಾರ ನೀರು ಹಾಕಬೇಡಿ ಅಂತ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಬದಲಿಸುವ ಮೊದಲೂ ಒಂದು ವಾರ ನೀರು ನಿಲ್ಲಿಸಿ, ಮಣ್ಣು ಒಣಗಿದ್ದರೆ ಗಿಡ ಸಲೀಸಾಗಿ ಬರುತ್ತದೆ. ಮುಳ್ಳು ಚುಚ್ಚದ ಹಾಗೆ ಹಿಡಿಯುವುದಕ್ಕೆ ನ್ಯೂಸ್‌ಪೇಪರನ್ನು ನಾಲ್ಕೈದು ಮಡಿಕೆ ಮಾಡಿ ಪಟ್ಟಿಯಂತೆ ಗಿಡದ ಸುತ್ತ ಹಾಕಿ, ಎರಡು ತುದಿಯನ್ನೂ ಒಂದೇ ಕೈಯಲ್ಲಿ ಹಿಡಿದು ಎತ್ತಿ. ಮೊಲದ ಕಿವಿ ಆಕಾರದ ಚಪ್ಪಟೆ ಕ್ಯಾಕ್ಟಸ್ ಇದೆಯಲ್ಲ, ಮೈಮೇಲೆ ಹಳದಿ ಚುಕ್ಕೆ ಇರುತ್ತದೆ, ಅದನ್ನು ಮಕ್ಕಳ ಕೈಗೆ ಕೊಡಬೇಡಿ. ಆ ಚುಕ್ಕೆಗಳೆಲ್ಲ ಕೂದಲಿಗಿಂತ ಸಣ್ಣ ಮುಳ್ಳುಗಳು, ಚರ್ಮಕ್ಕೆ ಹೊಕ್ಕರೆ ಉರಿ. ಹೊಕ್ಕರೆ ಉಜ್ಜಬೇಡಿ, ಸೆಲ್ಲೋಟೇಪ್ ಅಂಟಿಸಿ ಎಳೆಯಿರಿ, ಉಳಿದದ್ದನ್ನು ಚಿಮಟದಲ್ಲಿ ತೆಗೆಯಿರಿ.

ಬೇರು ಹೊರಬಂದಾಗ ಒಮ್ಮೆ ಕಣ್ಣಿಟ್ಟು ನೋಡಿ. ಬೇರಿನ ಮೇಲೆ ಬಿಳೀ ಹಿಟ್ಟಿನಂತೆ ಅಂಟಿದ್ದರೆ ಅದು ಹಿಟ್ಟು ತಿಗಣೆ. ಬೇರನ್ನು ಪೂರ್ತಿ ತೊಳೆದು, ಹಳೆಯ ಮಣ್ಣು ಎಸೆದು, ಗಿಡವನ್ನು ಕೆಲವು ದಿನ ಹೊರಗೇ ಒಣಗಿಸಿ ಆಮೇಲೆ ನೆಡಿ. ಕೊಳೆತ ಬೇರು ಕತ್ತರಿಸಿ ಹಾಕಿ. ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ನೆಡಿ, ಹಸಿರು ಮೈಯನ್ನು ಮಣ್ಣಲ್ಲಿ ಹೂಳಬೇಡಿ. ಆ ವಾರ ಗಿಡ ನೆರಳಿನಲ್ಲಿರಲಿ, ಆಮೇಲೆ ನಿಧಾನವಾಗಿ ಬಿಸಿಲಿಗೆ. ಗಿಡ ಕೊಂಚ ಕುಗ್ಗಬಹುದು. ಗಾಬರಿ ಬೇಡ, ನೀರೂ ಬೇಡ.

ವಾರ ಕಳೆದ ಮೇಲೆ ಮೊದಲ ನೀರು ಚೆನ್ನಾಗಿ ಹಾಕಿ, ತಳದ ತೂತಿನಿಂದ ಹರಿದು ಬರುವವರೆಗೆ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿಬಿಡಿ. ಮತ್ತೆ ಮಣ್ಣು ಆಳದವರೆಗೆ ಒಣಗಿದ ಮೇಲೆಯೇ ಇನ್ನೊಮ್ಮೆ. ಒಂದು ಕಡ್ಡಿ ಚುಚ್ಚಿ ತೆಗೆದರೆ ಗೊತ್ತಾಗುತ್ತದೆ, ಮಣ್ಣು ಅಂಟಿಕೊಂಡು ಬಂದರೆ ಕಾಯಿರಿ.

ಕೊನೆಯದಾಗಿ ಬ್ರಹ್ಮಕಮಲ. ನಮ್ಮ ಮನೆಗಳಲ್ಲಿ ರಾತ್ರಿ ಅರಳುವ ಆ ಬಿಳಿ ಹೂವಿನ ಗಿಡ ಇದೆಯಲ್ಲ, ನೆರೆಯವರನ್ನೆಲ್ಲ ಕರೆದು ಆರತಿ ಮಾಡುತ್ತೇವಲ್ಲ, ಅದೂ ಕ್ಯಾಕ್ಟಸ್ಸೇ. ಆದರೆ ಅದು ಕಾಡಿನಲ್ಲಿ ಮರಗಳ ಮೇಲೆ ಬೆಳೆಯುವ ಜಾತಿ. ಅದಕ್ಕೆ ಗೊಬ್ಬರ ಸ್ವಲ್ಪ ಜಾಸ್ತಿ ಇರಲಿ, ಎಲೆಗೊಬ್ಬರ ಸೇರಿಸಿ, ಬಿಸಿಲು ಕಡಿಮೆ ಇರಲಿ. ಬೇರು ಇಕ್ಕಟ್ಟಾಗಿದ್ದರೆ ಅದಕ್ಕೆ ತೊಂದರೆ ಇಲ್ಲ, ಹಾಗಾಗಿ ಕುಂಡ ಪದೇ ಪದೇ ಬದಲಿಸಬೇಡಿ. ಮೊಗ್ಗು ಇರುವಾಗಲಂತೂ ಮುಟ್ಟಲೇಬೇಡಿ, ಮೊಗ್ಗು ಉದುರಿಬಿಡುತ್ತದೆ. ಬದಲಿಸಿದ ಮೇಲೆ ಅದಕ್ಕೂ ಕೆಲವು ದಿನ ನೀರು ತಡೆಹಿಡಿಯಿರಿ. ಮನೆಯಲ್ಲಿ ಎಲ್ಲರಿಗೂ ಹೇಳಿ, ಮನೆಕೆಲಸದವರಿಗೂ ಹೇಳಿ, ಬೇಕಾದರೆ ಕುಂಡದ ಮೇಲೆ ಒಂದು ಚೀಟಿ ಅಂಟಿಸಿ, ಯಾವ ತಾರೀಕಿನವರೆಗೆ ನೀರು ಬೇಡ ಅಂತ ದೊಡ್ಡ ಅಕ್ಷರದಲ್ಲಿ ಬರೆದು. ನಮಸ್ಕಾರ.