ಹೊಸ ಅಡುಗೆಮನೆಗೆ ಮೊದಲು ಅಳೆದದ್ದು ಅತ್ತೆಯ ಮೊಣಕೈ

ಎಲ್ಲರಿಗೂ ನಮಸ್ಕಾರ. ಈಗ ನೀವು ನೋಡ್ತಾ ಇರುವುದು ನಮ್ಮ ಅಡಿಕೆ ಅಂಗಳ. ಮನೆ ಇರುವುದು ಪೆರ್ಲದ ಹತ್ತಿರ, ಕಾಸರಗೋಡು ಜಿಲ್ಲೆಯ ಗಡಿಯಲ್ಲಿ. ಮಳೆ ಬಿಟ್ಟಿದೆ, ಕೊಯ್ಲು ಇನ್ನೂ ಶುರುವಾಗಿಲ್ಲ, ಹಾಗಾಗಿ ಅಂಗಳ ಖಾಲಿ ಉಂಟು. ಆ ಬಿಳಿ ಗೆರೆಗಳು ಕಾಣ್ತದಲ್ಲ, ಅದೇ ನಮ್ಮ ಹೊಸ ಅಡುಗೆಮನೆ. ಸುಣ್ಣದ ಪುಡಿಯಲ್ಲಿ ಪೂರ್ತಿ ಅಳತೆಗೆ ಎಳೆದದ್ದು. ಇಲ್ಲಿ ಬಾಗಿಲು, ಇಲ್ಲಿ ಸಿಂಕ್, ಆ ಮೂಲೆಯಲ್ಲಿ ಒಲೆ. ಅತ್ತೆ ಖಾಲಿ ಪಾತ್ರೆ ಹಿಡ್ಕೊಂಡು ಒಲೆಯಿಂದ ಸಿಂಕಿಗೆ ನಡೀತಾ ಇದ್ದಾರೆ. ನಾನು ಅಡ್ಡ ಬರ್ತೇನೆ. ಇಬ್ಬರಿಗೂ ದಾರಿ ಸಾಲ್ತದಾ ಅಂತ ನೋಡ್ಲಿಕ್ಕೆ.

ಇದಕ್ಕೂ ಮೊದಲು ಪೇಟೆಯ ಒಂದು ಅಂಗಡಿಯಲ್ಲಿ ಕಂಪ್ಯೂಟರಿನಲ್ಲಿ ಡಿಸೈನ್ ಮಾಡಿಸಿದ್ದೆವು. ನೋಡ್ಲಿಕ್ಕೆ ಬಹಳ ಚಂದ ಇತ್ತು. ಬೂದು ಬಣ್ಣದ ಕಪಾಟು, ಒಳಗೆ ದೀಪ, ಮುಟ್ಟಿದರೆ ತಾನಾಗಿ ಮುಚ್ಚುವ ಡ್ರಾಯರ್. ಅತ್ತೆ ಎಲ್ಲ ನೋಡಿ ಮುಗಿಸಿ ಒಂದೇ ಪ್ರಶ್ನೆ ಕೇಳಿದರು: "ಹೆರೆಮಣೆ ಎಲ್ಲಿ ಇಡುವುದು?" ಆ ಪ್ರಶ್ನೆಯಿಂದ ನಮ್ಮ ಪ್ಲಾನ್ ಮತ್ತೆ ಮೊದಲಿನಿಂದ ಶುರುವಾಯ್ತು. ದಿನಾ ತೆಂಗಿನಕಾಯಿ ಹೆರೆಯುವ ಮನೆ ಇದು. ಹೆರೆಮಣೆಗೆ ಜಾಗ ಇಲ್ಲದ ಅಡುಗೆಮನೆ ನಮಗೆ ಆಗುವುದಿಲ್ಲ. ಹಾಗಾಗಿ ಕಪಾಟಿನ ಬಣ್ಣ ಬದಿಗಿಟ್ಟು, ಈ ಮನೆಯಲ್ಲಿ ಎಂತೆಂತ ಕೆಲಸ ಆಗ್ತದೆ, ಯಾರು ಮಾಡ್ತಾರೆ, ಯಾವ ತಿಂಗಳಲ್ಲಿ ಮಾಡ್ತಾರೆ ಅಂತ ಬರೆದುಕೊಂಡೆವು. ಜಾಗ ಹಂಚಿದ್ದು ಅದರ ನಂತರ.

ಮೊದಲು ಎತ್ತರದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳ್ತೇನೆ, ಯಾಕೆಂದರೆ ಅಡುಗೆ ಮಾಡುವವರ ಸೊಂಟ, ಹೆಗಲು ಉಳಿಯುವುದು ಇದರಲ್ಲಿ. ಸಾಮಾನ್ಯವಾಗಿ ಕಟ್ಟೆ ಮಾಡುವುದು 85ರಿಂದ 90 ಸೆಂಟಿಮೀಟರ್ ಎತ್ತರಕ್ಕೆ, ಎಲ್ಲ ಕಡೆ ಒಂದೇ ಮಟ್ಟ. ಆದರೆ ನಿಂತು ಕೆಲಸ ಮಾಡುವಾಗ ಕಟ್ಟೆ ಮೊಣಕೈಗಿಂತ 10ರಿಂದ 15 ಸೆಂಟಿಮೀಟರ್ ಕೆಳಗೆ ಇದ್ದರೆ ಕೈಗೆ ಆಯಾಸ ಇಲ್ಲ. ಅತ್ತೆಯನ್ನು ಬರಿಗಾಲಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ, ಕೈ ಮಡಚಿಸಿ ಟೇಪ್ ಹಿಡಿದೆವು. ನೆಲದಿಂದ ಮೊಣಕೈಗೆ 91. ನನ್ನದು 103. ಒಂದೇ ಮನೆಯ ಇಬ್ಬರ ನಡುವೆ 12 ಸೆಂಟಿಮೀಟರ್ ವ್ಯತ್ಯಾಸ! ಒಂದೇ ಮಟ್ಟದ ಕಟ್ಟೆ ಕಟ್ಟಿದರೆ ಇಬ್ಬರಲ್ಲಿ ಒಬ್ಬರಿಗೆ ದಿನಾ ನೋವು ಖಂಡಿತ.

ಇನ್ನೂ ಒಂದು ಉಂಟು. ಗ್ಯಾಸ್ ಸ್ಟವ್ ಕಟ್ಟೆಯ ಮೇಲೆ ಕೂರ್ತದೆ, ಅದರದ್ದೇ ಎತ್ತರ ಹತ್ತು ಸೆಂಟಿಮೀಟರಿನಷ್ಟು. ಅದರ ಮೇಲೆ ಪಾತ್ರೆ. ಹಾಗಾಗಿ ಕೈ ಕೆಲಸ ಮಾಡುವ ಮಟ್ಟ ಕಟ್ಟೆಗಿಂತ ಎಷ್ಟೋ ಮೇಲೆ. ಸಿಂಕ್‌ನಲ್ಲಿ ಇದರ ತದ್ವಿರುದ್ಧ. ಸಿಂಕಿನ ತಳ 20 ಸೆಂಟಿಮೀಟರ್ ಕೆಳಗೆ ಇರ್ತದೆ, ಅಲ್ಲಿಗೆ ಬಗ್ಗಬೇಕು. ಅಂದರೆ ಒಲೆಯ ಕಟ್ಟೆ ತಗ್ಗಿಸಬೇಕು, ಸಿಂಕಿನ ಕಟ್ಟೆ ಏರಿಸಬೇಕು. ನಾವು ಒಲೆಗೆ 75 ಇಟ್ಟೆವು, ನೀರುದೋಸೆ ಹುಯ್ಯುವಾಗ ಅತ್ತೆಯ ಹೆಗಲು ಮೇಲೆ ಹೋಗುವುದಿಲ್ಲ. ತರಕಾರಿ ಹೆಚ್ಚುವ, ಹಿಟ್ಟು ನಾದುವ ಜಾಗಕ್ಕೆ 82. ಸಿಂಕಿಗೆ 88, ಯಾಕೆಂದರೆ ಪಾತ್ರೆ ತೊಳೆಯುವುದು ಹೆಚ್ಚಾಗಿ ನಾನು, ಇಲ್ಲದಿದ್ದರೆ ನಮ್ಮವರು. ಮೇಸ್ತ್ರಿಯವರು "ಒಂದೇ ಲೆವೆಲ್ ಇದ್ದರೆ ಚಂದ ಅಮ್ಮಾ, ಕಲ್ಲು ಕೂಡ ಒಂದೇ ತುಂಡು ಸಾಕು" ಅಂದರು. ಅವರು ಹೇಳುವುದೂ ಸರಿ, ಜಾಯಿಂಟ್ ಜಾಸ್ತಿ ಆದಷ್ಟು ಕೆಲಸ ಜಾಸ್ತಿ. ಆದರೂ ನಾವು ಮೂರು ಮಟ್ಟವೇ ಬೇಕು ಅಂದೆವು. ಅವರು ಮರದ ಹಲಗೆ, ಇಟ್ಟಿಗೆ ಜೋಡಿಸಿ ಅಂಗಳದಲ್ಲೇ ಮೂರು ಎತ್ತರ ಮಾಡಿ ಕೊಟ್ಟರು. ಈಗ ಕಾಣ್ತಾ ಇರುವುದು ಅದೇ. ಅತ್ತೆ ಬರೀ ಸಟ್ಟುಗ ಹಿಡಿದು ತಿರುವುತ್ತಾ ಇದ್ದಾರೆ. ಕೈ ನೋಡಿ, ಮೊಣಕೈ ಎಷ್ಟು ಸಲೀಸಾಗಿ ಇಳಿದಿದೆ.

ಡಿಸೈನ್ ಮಾಡುವವರು ಎಲ್ಲರೂ ಒಂದು ತ್ರಿಕೋನದ ಬಗ್ಗೆ ಹೇಳ್ತಾರೆ. ಒಲೆ, ಸಿಂಕ್, ಫ್ರಿಜ್, ಈ ಮೂರರ ನಡುವಿನ ದೂರ ಒಟ್ಟಿಗೆ 13ರಿಂದ 26 ಅಡಿ ಒಳಗೆ ಇರಬೇಕು ಅಂತ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1940ರ ದಶಕದಲ್ಲಿ ರೂಪುಗೊಂಡ ಲೆಕ್ಕ ಅದು, ಒಳ್ಳೆಯ ಲೆಕ್ಕವೇ. ಅದಕ್ಕೂ ಮೊದಲು, 1926ರಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟ್‌ನ ವಸತಿ ಮನೆಗಳಿಗಾಗಿ ಮಾರ್ಗರೇಟ್ ಶೂಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ಸಣ್ಣ ಅಡುಗೆಮನೆ ವಿನ್ಯಾಸ ಮಾಡಿದ್ದರು. ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ಹೆಂಗಸರ ನಡಿಗೆ, ಸಮಯ ಉಳಿಸಬೇಕು ಅಂತ ಹೆಜ್ಜೆ ಲೆಕ್ಕ ಹಾಕಿ ಮಾಡಿದ್ದು. ಇವತ್ತಿನ ಮಾಡ್ಯುಲರ್ ಕಿಚನ್‌ಗಳೆಲ್ಲ ಅಲ್ಲಿಂದ ಬಂದ ಸಂತತಿ. ನನಗೆ ಆ ಹೆಂಗಸಿನ ಮೇಲೆ ಬಹಳ ಗೌರವ. ಆದರೆ ಅವರ ಅಡುಗೆಮನೆ ಒಬ್ಬರಿಗೆ ಮಾಡಿದ್ದು. ನಮ್ಮಲ್ಲಿ ಪೂಜೆ, ತಿಥಿ ಅಂದರೆ ನಾಲ್ಕು ಜನ ಒಟ್ಟಿಗೆ ಒಳಗೆ ಇರ್ತಾರೆ. ಅದಕ್ಕೇ ಕಟ್ಟೆಗಳ ನಡುವೆ ಓಡಾಡುವ ಜಾಗ 1.2 ಮೀಟರ್ ಬಿಟ್ಟಿದ್ದೇವೆ. ಮತ್ತೆ ನಮ್ಮ ತ್ರಿಕೋನದಲ್ಲಿ ಫ್ರಿಜ್ ಇಲ್ಲ. ನಮ್ಮದು ಒಲೆ, ನೀರು, ಗ್ರೈಂಡರ್. ಬೆಳಿಗ್ಗೆ ದೋಸೆ, ಮಧ್ಯಾಹ್ನ ಕೊದ್ದೆಲು, ಎಲ್ಲದಕ್ಕೂ ಕಾಯಿ ಕಡೆಯಲೇಬೇಕು. ಕಡೆಯುವ ಜಾಗ ನೀರಿಗೆ ಎರಡು ಹೆಜ್ಜೆ, ಒಲೆಗೆ ಎರಡು ಹೆಜ್ಜೆ. ಫ್ರಿಜ್ ಊಟದ ಕೋಣೆಯ ಬಾಗಿಲ ಪಕ್ಕಕ್ಕೆ ಹೋಯ್ತು, ಮಕ್ಕಳು ನೀರು ತೆಗೀಲಿಕ್ಕೆ ಒಳಗೆ ನುಗ್ಗುವುದೂ ತಪ್ಪಿತು.

ಬನ್ನಿ, ಈಗ ಹಿಂದಿನ ಜಗಲಿಗೆ ಹೋಗುವ. ನನ್ನ ಮಟ್ಟಿಗೆ ಇಡೀ ಪ್ಲಾನಿನಲ್ಲಿ ಅತಿ ಮುಖ್ಯ ಜಾಗ ಇದೇ. ಬಹಳ ಮನೆಗಳಲ್ಲಿ ರಿಪೇರಿ ಮಾಡುವಾಗ ಇದನ್ನು ಒಳಗೆ ಸೇರಿಸಿ ಅಡುಗೆಮನೆ ದೊಡ್ಡದು ಮಾಡ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಲಸಿನ ಕಾಯಿ ಕೊಯ್ಯುವುದು ಎಲ್ಲಿ? ಆ ಮೇಣ ಗ್ರಾನೈಟಿಗೆ ಹಿಡಿದರೆ, ಸಿಂಕಿನ ಪೈಪಿಗೆ ಇಳಿದರೆ ತೆಗೆಯುವುದು ಸುಲಭ ಇಲ್ಲ. ಕೈಗೆ ತೆಂಗಿನೆಣ್ಣೆ ಹಚ್ಚಿ, ಕೆಳಗೆ ಹಾಳೆ ಹಾಸಿ, ಮೆಟ್ಟುಕತ್ತಿಯ ಮುಂದೆ ಕೂತು, ನಾಲ್ಕು ಜನ ಮಾತಾಡ್ತಾ ಸೊಳೆ ಬಿಡಿಸುವ ಕೆಲಸ ಅದು. ಹಪ್ಪಳ ಒತ್ತುವುದು, ಸೇಮಿಗೆ ಒತ್ತುವುದು, ಪತ್ರೊಡೆಯ ಎಲೆಯ ನಾರು ತೆಗೆಯುವುದು, ಇವೆಲ್ಲ ಕೂತು ಮಾಡುವ ಕೆಲಸಗಳು. ಇಲ್ಲಿ ಗೋಡೆಗುಂಟ ತಗ್ಗು ಕಟ್ಟೆ ಬರ್ತದೆ, ಕುರ್ಚಿಯ ಎತ್ತರಕ್ಕೆ. ಅತ್ತೆಗೆ ಈಗ ನೆಲಕ್ಕೆ ಕೂರ್ಲಿಕ್ಕೆ ಮೊಣಗಂಟು ಬಿಡುವುದಿಲ್ಲ, ಹಾಗಾಗಿ ಹೆರೆಮಣೆಯನ್ನು ಈ ಕಟ್ಟೆಯ ಮೇಲೆ ಇಟ್ಟು, ಅದರ ಮೇಲೆ ಕೂತು, ಕಾಲು ಕೆಳಗೆ ಬಿಟ್ಟು ಹೆರೆಯಬಹುದು. ಪಕ್ಕದಲ್ಲಿ ದೊಡ್ಡ ಕಲ್ಲಿನ ತೊಟ್ಟಿ. ಅದರ ನೀರು ನೇರ ಬಾಳೆಬುಡಕ್ಕೆ.

ಹಳೆಯ ಕಡೆಯುವ ಕಲ್ಲನ್ನೂ ಇಲ್ಲಿಗೇ ತರ್ತೇವೆ. ಅತ್ತೆಗೆ ಅದು ಬೇಕೇ ಬೇಕು.

ಮಳೆಯ ಲೆಕ್ಕ ಬಿಟ್ಟು ನಮ್ಮೂರಲ್ಲಿ ಎಂತ ಮಾಡ್ಲಿಕ್ಕೂ ಆಗುವುದಿಲ್ಲ. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಆಟಿ ತಿಂಗಳಲ್ಲಿ ಉಪ್ಪು ನೀರಾಗ್ತದೆ, ಬಟ್ಟೆ ಒಣಗುವುದಿಲ್ಲ, ಮುಚ್ಚಿದ ಕಪಾಟಿನೊಳಗೆ ಬೂಸ್ಟು ಬರ್ತದೆ. ಹಳೆ ಅಡುಗೆಮನೆಯಲ್ಲಿ ಹಾಗೆ ಆಗ್ತಾ ಇರಲಿಲ್ಲ, ಯಾಕೆಂದರೆ ಸೌದೆ ಒಲೆಯ ಶಾಖ, ಹೊಗೆ ಎರಡೂ ಅಟ್ಟವನ್ನು ಒಣಗಿಸಿ ಇಡ್ತಾ ಇತ್ತು. ಮೇಲೆ ನೋಡಿ, ಈ ಕಪ್ಪು ಪಕ್ಕಾಸು. ಇದಕ್ಕೆ ಬಾಳೆಬಳ್ಳಿಯಲ್ಲಿ ಸೌತೆಕಾಯಿ ಕಟ್ಟಿ ತೂಗಿಸ್ತಾ ಇದ್ದರು. ಒಂದಕ್ಕೊಂದು ತಾಗದ ಹಾಗೆ, ಒಂದೊಂದಕ್ಕೂ ಬೇರೆ ಕುಣಿಕೆ. ಬೇಸಿಗೆಯಲ್ಲಿ ಬೆಳೆದ ಸೌತೆ ಮಳೆಗಾಲದಲ್ಲೂ ಕೊಳೆಯದೆ ಸಿಗ್ತಾ ಇತ್ತು. ಹೊಸದರಲ್ಲೂ ಜಗಲಿಯ ಮಾಡಿನ ಕೆಳಗೆ ಉದ್ದಕ್ಕೆ ಒಂದು ಸ್ಟೀಲ್ ಪೈಪ್ ಹಾಕಿಸ್ತೇವೆ, ಸೌತೆ ತೂಗಿಸ್ಲಿಕ್ಕೆ ಅಂತಲೇ.

ಸೌದೆ ಒಲೆಯೂ ಹೋಗುವುದಿಲ್ಲ. ತೋಟದಲ್ಲಿ ಮಡಲು, ಕೊತ್ತಳಿಗೆ, ಗೆರಟೆ, ಅಡಿಕೆ ಸಿಪ್ಪೆ ಇಷ್ಟು ಇರುವಾಗ ಅಕ್ಕಿ ಬೇಯಿಸ್ಲಿಕ್ಕೆ ಗ್ಯಾಸ್ ಯಾಕೆ ಉರಿಸಬೇಕು? ಆದರೆ ಹೊಗೆ ಅತ್ತೆಯ ಕಣ್ಣಿಗೆ, ಎದೆಗೆ ಹೋಗುವುದು ಬೇಡ. ಹಾಗಾಗಿ ಜಗಲಿಯ ಕೊನೆಯಲ್ಲಿ ಹೊಗೆಕೊಳವೆ ಇರುವ ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ಅಸ್ತ್ರ ಅನ್ನುವ ವಿಭಾಗ ಶುರುವಾಯ್ತು. ಈ ಒಲೆ ಅಲ್ಲಿಯವರದ್ದು. ಒಂದು ಬೆಂಕಿಯಲ್ಲಿ ಮೂರು ಪಾತ್ರೆ ಕಾಯ್ತದೆ, ಕೆಳಗಿನ ಜಾಲರಿಯಿಂದ ಗಾಳಿ ಹೋಗಿ ಸೌದೆ ಚೆನ್ನಾಗಿ ಉರೀತದೆ, ಹೊಗೆ ಕೊಳವೆಯಲ್ಲಿ ಹೊರಗೆ. ಮಳೆಗಾಲದಲ್ಲಿ ಕರೆಂಟ್ ಹೋದರೂ, ಸಿಲಿಂಡರ್ ತಡವಾದರೂ ಊಟಕ್ಕೆ ತೊಂದರೆ ಇಲ್ಲ.

ಕಪಾಟಿನ ವಿಷಯ. ಗೋಡೆ ಮುರಕಲ್ಲಿನದ್ದು, ಅಂದರೆ ಜಂಬಿಟ್ಟಿಗೆ ಕಲ್ಲಿನದ್ದು, ಹಳೆಯದು, ಮಣ್ಣಿನ ಗಾರೆಯಲ್ಲಿ ಕಟ್ಟಿದ್ದು. ಡ್ರಿಲ್ ಹಾಕಿದರೆ ಸ್ಕ್ರೂ ಗಟ್ಟಿ ನಿಲ್ಲುವುದಿಲ್ಲ. ಪಾತ್ರೆ ತುಂಬಿದ ಭಾರದ ಕಪಾಟನ್ನು ಆ ಗೋಡೆಗೆ ನೇತು ಹಾಕ್ಲಿಕ್ಕೆ ನನಗೆ ಧೈರ್ಯ ಇಲ್ಲ. ಅದಕ್ಕೇ ಮೇಲಿನ ಕಪಾಟು ಬೇಡ ಅಂತ ಮಾಡಿದೆವು. ಗೋಡೆಯಲ್ಲಿ ಮೊದಲೇ ಇರುವ ಗೂಡುಗಳಿಗೆ ಹಲಸಿನ ಮರದ ಬಾಗಿಲು ಮಾಡಿಸ್ತೇವೆ. ಮರ ಕೊಂಡು ತರುವುದಿಲ್ಲ, ಹಳೆ ಅಟ್ಟದ ಹಲಗೆಗಳೇ ಸಾಕು ಅಂತ ಆಚಾರ್ರು ನೋಡಿ ಹೇಳಿದ್ದಾರೆ. ಇಷ್ಟು ವರ್ಷ ಒರಲೆ ಮುಟ್ಟದ ಮರ ಅದು. ಕಟ್ಟೆಯ ಕೆಳಗೆ ಗ್ರಾನೈಟಿನ ಅಡ್ಡಗೋಡೆ, ಕಡಪ ಕಲ್ಲಿನ ತಟ್ಟು. ಪ್ಲೈವುಡ್ ಹಾಕಲೇಬೇಕು ಅನ್ನುವವರು ಐಎಸ್ 710 ಗುರುತು ಇರುವುದನ್ನೇ ಕೇಳಿ ತಗೊಳ್ಳಿ, ಕುದಿಯುವ ನೀರನ್ನು ತಡೆಯುವ ಅಂಟು ಹಾಕಿದ್ದು. ಆದರೆ ಸಿಂಕಿನ ಕೆಳಗೆ ಅದೂ ಬೇಡ ಅಂತ ನನ್ನ ಅಭಿಪ್ರಾಯ. ಒಮ್ಮೆ ಪೈಪ್ ಸೋರಿದರೆ ಸಾಕು.

ಉಪ್ಪುಸೊಳೆಯ ಭರಣಿ, ಮಿಡಿ ಉಪ್ಪಿನಕಾಯಿಯ ಭರಣಿ ಇಡುವ ಕಡೆ ಬಾಗಿಲೇ ಇಲ್ಲ, ಬರೀ ಪರದೆ. ಉಪ್ಪಿನ ಗಾಳಿಗೆ ಕೀಲುಗಳು ತುಕ್ಕು ಹಿಡಿಯುವುದು ನಮ್ಮ ಮನೆಯಲ್ಲಿ ದಿನಾ ಕಾಣುವ ವಿಷಯ. ಭರಣಿಯ ಜಾಗ ನೆಲದಿಂದ ಸ್ವಲ್ಪ ಮೇಲೆ, ಸಿಂಕಿನಿಂದ ದೂರ, ಎರಡು ಕೈಯಲ್ಲಿ ತಬ್ಬಿ ಎತ್ತಲು ಆಗುವ ಎತ್ತರದಲ್ಲಿ.

ನೀರು ಎರಡು ಲೈನ್. ನಮ್ಮಲ್ಲಿ ಗುಡ್ಡೆಯಲ್ಲಿ ಸುರಂಗ ಉಂಟು. ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ, ಮುರಕಲ್ಲಿನ ಗುಡ್ಡೆಗೆ ಅಡ್ಡಕ್ಕೆ, ಒಬ್ಬರು ನಡೆಯುವಷ್ಟು ಅಗಲಕ್ಕೆ ಕೊರೆದದ್ದು. ಒಳಗೆ ಜಿನುಗುವ ನೀರು ತಾನಾಗಿ ಹರಿದು ಹೊರಗೆ ಬರ್ತದೆ. ಸುರಂಗದ ಬಾಯಿ ಮನೆಗಿಂತ ಎತ್ತರದಲ್ಲಿ ಇರುವುದರಿಂದ ಪಂಪೂ ಬೇಡ, ಕರೆಂಟೂ ಬೇಡ. ಆ ನೀರಿಗೆ ಸಿಂಕಿನಲ್ಲಿ ಬೇರೆಯೇ ನಲ್ಲಿ, ಕುಡಿಯಲು, ಅಡುಗೆಗೆ. ಎಪ್ರಿಲ್, ಮೇ ತಿಂಗಳಲ್ಲಿ ಅದು ಸಪುರ ಆಗ್ತದೆ, ಆವಾಗ ಬೋರ್‌ವೆಲ್ ಟಾಂಕಿಯ ನಲ್ಲಿ. ಎರಡನ್ನೂ ಒಂದೇ ಪೈಪಿಗೆ ಸೇರಿಸುವುದಿಲ್ಲ.

ಗ್ಯಾಸ್, ಕರೆಂಟ್ ಬಗ್ಗೆ ಬೇಗ ಹೇಳಿ ಮುಗಿಸ್ತೇನೆ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ನಿಲ್ತದೆ. ಹಾಗಾಗಿ ಕಿಟಕಿ ಮಾತ್ರ ಸಾಲದು, ನೆಲದ ಮಟ್ಟದಲ್ಲಿ ಗೋಡೆಗೆ ಜಾಲರಿಯ ಕಿಂಡಿ ಬೇಕು. ನಾವು ಸಿಲಿಂಡರನ್ನೇ ಹೊರಗೆ, ನೆರಳಿನಲ್ಲಿ ನೆಟ್ಟಗೆ ನಿಲ್ಲಿಸಿ ತಾಮ್ರದ ಪೈಪ್ ಒಳಗೆ ತರ್ತೇವೆ. ಸ್ಟವ್‌ನ ರಬ್ಬರ್ ಪೈಪ್ ಐದು ವರ್ಷಕ್ಕೊಮ್ಮೆ ಬದಲು ಮಾಡಿ. ಇಂಡಕ್ಷನ್ 2000 ವ್ಯಾಟ್ ಅಂದರೆ ಒಂಬತ್ತು ಆಂಪಿಯರ್ ಹತ್ತಿರ ಎಳೀತದೆ, ಅದಕ್ಕೆ 16 ಆಂಪಿಯರ್ ಪ್ಲಗ್ಗೇ ಬೇಕು, ಬೇರೆ ವಯರ್ ಬೇಕು. ಒದ್ದೆ ಕೈಯಲ್ಲಿ ಕೆಲಸ ಮಾಡುವ ಜಾಗ, 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಕೂಡಲೇ ತಾನಾಗಿ ಆಫ್ ಆಗುವ ಸ್ವಿಚ್, ಹಾಕಿಸದೆ ಇರಬೇಡಿ. ಚಿಮಣಿಯ ಪೈಪನ್ನು ಹಂಚಿನ ಮಾಡಿನಲ್ಲಿ ತೂತು ಮಾಡಿ ತೆಗೆಯುವುದು ಬೇಡ, ಗೋಡೆಯಿಂದಲೇ ಹೊರಗೆ, ಹೊರಬದಿಗೆ ಸ್ವಲ್ಪ ಇಳಿಜಾರು ಕೊಟ್ಟು. ಇಲ್ಲದಿದ್ದರೆ ಮಳೆನೀರು ನೇರ ಸ್ಟವ್ ಮೇಲೆ.

ಬೆಳಕಿಗೆ ಎರಡು ಕನ್ನಡಿ ಹಂಚು, ಒಂದು ಹೆಚ್ಚುವ ಜಾಗದ ಮೇಲೆ, ಒಂದು ಸಿಂಕಿನ ಮೇಲೆ. ಒಲೆಯ ಮುಂದೆ ನಿಂತಾಗ ಮುಖ ಪೂರ್ವಕ್ಕೆ ಇರಬೇಕು ಅಂತ ಅತ್ತೆಯ ಆಸೆ, ಅದೂ ಸುಲಭದಲ್ಲಿ ಕೂಡಿ ಬಂತು.

ನೆಲ ಒಂದು ಇನ್ನೂ ತೀರ್ಮಾನ ಆಗಿಲ್ಲ. ಅತ್ತೆಗೆ ಹಳೆಯ ಕೆಂಪು ಕಾವಿ ನೆಲವೇ ಇಷ್ಟ, ಕಾಲಿಗೆ ತಂಪು ಅಂತ. ನನಗೆ ಎಣ್ಣೆ, ನೀರು ಬಿದ್ದರೆ ಅವರು ಜಾರಿಯಾರು ಅನ್ನುವ ಹೆದರಿಕೆ, ಹಾಗಾಗಿ ಒರಟು ಮೈಯ ಟೈಲ್ಸ್ ನೋಡ್ತಾ ಇದ್ದೇನೆ. ನಾಳೆ ಮೂರು ನಮೂನೆಯ ತುಂಡು ಟೈಲ್ಸ್ ತಂದು, ನೀರು ಹಾಕಿ, ಅತ್ತೆಯ ಕೈ ಹಿಡ್ಕೊಂಡು ಅದರ ಮೇಲೆ ನಡೆಸಿ ನೋಡುವುದು. ಸೋಮವಾರ ಮೇಸ್ತ್ರಿಯವರು ಹಳೆ ಕಟ್ಟೆ ಒಡೀಲಿಕ್ಕೆ ಬರ್ತಾರೆ, ಹಲಸು ಬಲಿಯುವ ಮೊದಲು ಹಿಂದಿನ ಜಗಲಿಯಾದರೂ ಮುಗಿಸಿ ಕೊಡಿ ಅಂತ ಹೇಳಿದ್ದೇವೆ.